ಎರಡು ಮಳೆಗಾಲದ ಮುದ್ದತ್ತು

ಕಾಲುವೆಯ ಏರಿ ಕುಸಿದ ದಿನ ಬೆಳಿಗ್ಗೆ ನಾನು ಸರಪಳಿಯ ಕಂಬದಿಂದ ಹನ್ನೆರಡು ಹೆಜ್ಜೆ ಆಚೆ, ಶಹಾಪುರದ ಕಡೆಗೆ ಮುಖ ಮಾಡಿ ನಿಂತಿದ್ದೆ. ಕಾಲುವೆಯ ನೀರಿನ ಮೇಲೆ ಇನ್ನೂ ಬಿಸಿಲು ಬಿದ್ದಿರಲಿಲ್ಲ. ಏರಿಯ ದಾರಿ ಕಾಯುವ ಚಾಚಾ ಮೊಣಕಾಲೂರಿ ಕುಳಿತು, ಒದ್ದೆ ಮಣ್ಣಿನಲ್ಲಿ ಮೂಡಿದ್ದ ಗಾಲಿಯ ಗೆರೆಯೊಳಗೆ ಬಲಗೈ ಹೆಬ್ಬೆರಳು ಇಟ್ಟಿದ್ದರು. ಆ ಬೆರಳಿಗೆ ಉಗುರಿರಲಿಲ್ಲ. ಸರಪಳಿಯ ಕೊಂಡಿಗೆ ಸಿಕ್ಕಿ ಹೋದದ್ದು ಮತ್ತೆ ಬಂದಿರಲಿಲ್ಲ.

“ಕಬ್ಬಿಣದ ಪಟ್ಟಿ ಗಾಲಿ,” ಅಂದರು.

ಕಾಲುವೆ ಬಂದ ಹೊಸದರಲ್ಲಿ ನಮ್ಮ ಮೂರು ಊರುಗಳು ಸೇರಿ ಏರಿಯ ಮೇಲಿನ ದಾರಿಗೆ ಒಂದು ಕಟ್ಟಳೆ ಮಾಡಿಕೊಂಡಿದ್ದವು. ಟ್ರ್ಯಾಕ್ಟರ್ ಬರಬಾರದು. ರಬ್ಬರ್ ಟೈರಿನ ಎತ್ತಿನಗಾಡಿ ಮಾತ್ರ ಹಾಯಬೇಕು. ಕಬ್ಬಿಣದ ಪಟ್ಟಿ ಏರಿಯನ್ನು ಸೀಳುತ್ತದೆ, ಸೀಳಿದಲ್ಲಿ ನೀರು ಇಳಿಯುತ್ತದೆ. ಇದನ್ನು ಕಾಯಲು, ದಾರಿಗೆ ಅಡ್ಡ ಕಟ್ಟುವ ಸರಪಳಿಯನ್ನು ಚಾಚಾರ ಕೈಗೆ ಕೊಟ್ಟಿದ್ದರು.

ಅವರಿಗೆ ಎಲ್ಲರ ಮೇಲೂ ಗುಮಾನಿ. ನಗುತ್ತ ಸಲಾಮು ಹೇಳಿದವನ ಗಾಡಿಯನ್ನು ಇನ್ನಷ್ಟು ಹೊತ್ತು ನೋಡುತ್ತಿದ್ದರು. ಒಮ್ಮೆ ನಮ್ಮೂರಿನವನೇ ಒಬ್ಬ ಕಬ್ಬಿಣದ ಪಟ್ಟಿಯ ಮೇಲೆ ಹಳೆಯ ಸೈಕಲ್ ಟೈರು ಸುತ್ತಿ ತಂದಿದ್ದ. ಚಾಚಾ ಹೆಬ್ಬೆರಳಿನಿಂದ ಸವರಿ, “ಅರೆ, ಗಾಲಿಗಿ ಚಪ್ಪಲಿ ಹಾಕ್ಯಾನಲ್ಲೋ! ಹೊಳ್ಳಿ ಹೋಗು,” ಎಂದು ಅವನನ್ನು ಕಳಿಸಿದರು.

ಕೆಲವು ವರ್ಷಗಳ ಮೇಲೆ ಕೆಂಭಾವಿ ಕಡೆಯ ಒಂದು ಊರು ತನ್ನನ್ನೂ ಸೇರಿಸಿಕೊಳ್ಳಿ ಎಂದು ಕೇಳಿತು. ಮಳೆ ಹಿಡಿದರೆ ಅವರ ಎರೆಮಣ್ಣಿನ ದಾರಿಯಲ್ಲಿ ಎತ್ತುಗಳು ಹೊಟ್ಟೆಯವರೆಗೆ ಹೂಳುತ್ತಿದ್ದವು. ಬಸುರಿಯನ್ನು ದವಾಖಾನೆಗೆ ತರಲು ಏರಿಯೊಂದೇ ದಾರಿ. ಆದರೆ ಅವರಲ್ಲಿದ್ದವೆಲ್ಲ ಕಬ್ಬಿಣದ ಗಾಲಿಗಳು. ಅವರ ಕಡೆಯಿಂದ ಬಂದ ಗಾಡಿಯವನು ಸರಪಳಿಯ ಮುಂದೆ ನಿಂತು, “ಏನ್ ಚಾಚಾ, ನಿಮ್ಮ ಮೂರೂರು ಬ್ಯಾರೆ ದೇಶ ಆಗ್ಯಾವೇನು? ಪಾಸ್‌ಪೋರ್ಟ್ ತರ್ಬೇಕಾ?” ಎಂದ.

“ಪಾಸ್‌ಪೋರ್ಟ್ ನಕ್ಕೋ. ಟೈರ್ ತಗೊಂಡ್ ಬಾ,” ಅಂದರು ಚಾಚಾ.

ಪಂಚರು ಕೂಡಿದರು. ಹೊಸ ಊರು ಗಾಲಿ ಬದಲಿಸಿಕೊಳ್ಳಲು ಎರಡು ಮಳೆಗಾಲದ ಮುದ್ದತ್ತು ಕೊಡುವುದೆಂದಾಯಿತು. ನಾನು ಆಗ ನಮ್ಮೂರಿನ ಶಾಲೆಯ ಮಾಸ್ತರ. ಕಾಗದ ಬರೆದವನು ನಾನೇ. ಅದೇ ಸಂಜೆ ಚಾಚಾ ನನ್ನಿಂದ ಅದನ್ನು ಓದಿಸಿಕೊಂಡರು. “ಗಾಡಿಗಳಿಗೆ ಎರಡು ಮಳೆಗಾಲದ ಮುದ್ದತ್ತು ಇದೆ” ಎಂದು ಓದಿದೆ.

“ಯಾರ ಗಾಡಿಗೋಳಿಗಿ? ಅದು ಬರದಿಲ್ಲಲ್ಲ ಮಾಸ್ತರ?”

“ಎಲ್ಲಾರಿಗೂ ತಿಳೀತದ ಬಿಡ್ರಿ ಚಾಚಾ. ಹೊಸಬರ ಮ್ಯಾಲ ಅಷ್ಟ್ಯಾಕ ಗುಮಾನಿ?”

“ಹೊಸಬರ ಮ್ಯಾಲ ಇಲ್ಲ. ಹಳಬರ ಮ್ಯಾಲ ಅದ.”

ಆ ಮಳೆಗಾಲದಲ್ಲೇ ನಮ್ಮ ಮೂರೂರಿನ ಅಟ್ಟಗಳಿಂದ ಹಳೆಯ ಕಬ್ಬಿಣದ ಗಾಲಿಗಳು ಕೆಳಗಿಳಿದವು. ಟೈರು ಸವೆದವರು ಹೊಸ ಟೈರು ಹಾಕಿಸಲಿಲ್ಲ. ಚಾಚಾ ತಡೆದರೆ, “ನಮಗೂ ಮುದ್ದತ್ತು ಅದ. ಮಾಸ್ತರ ಬರದಾರ, ಓದ್ಕೋ,” ಎಂದು ನಗುತ್ತಿದ್ದರು. ಓದಲು ಚಾಚಾರಿಗೆ ಬರುತ್ತಿದ್ದದ್ದು ಉರ್ದು ಮಾತ್ರ. ಮೂರು ಸಲ ನನ್ನ ಬಳಿ ಬಂದು ಎರಡು ಶಬ್ದ ಸೇರಿಸಿ ಕೊಡಲು ಕೇಳಿದರು. ಪಂಚರು ಮತ್ತೆ ಕೂಡಲಿ ಎಂದು ನಾನು ಮುಂದೆ ಹಾಕಿದೆ. ಸೇರಿಸಿದರೆ ತಪ್ಪು ನನ್ನದೆಂದು ಒಪ್ಪಿದಂತಾಗುತ್ತಿತ್ತು. ಕೆಟ್ಟದ್ದೆಂದರೆ, ಚಾಚಾ ಹೊಸ ಊರಿನವರ ಪರ ವಹಿಸಿ ನಮ್ಮವರನ್ನು ಕಾಡುತ್ತಿದ್ದಾರೆಂಬ ಗುಮಾನಿ ನನಗೂ ಇತ್ತು.

ಎರಡನೆಯ ಮಳೆಗಾಲದಲ್ಲಿ ಏರಿ ಕುಸಿಯಿತು. ಗೆರೆಗಳನ್ನು ಹಿಡಿದು ಚಾಚಾ ಮುಂದೆ, ನಾನು ಹಿಂದೆ ನಡೆದೆವು. ಅವು ಕೆಂಭಾವಿ ಕಡೆ ಹೋಗಲಿಲ್ಲ. ಮೊದಲ ಇಳಿಜಾರಿನಲ್ಲೇ ನಮ್ಮೂರಿಗೆ ಇಳಿದವು.

ನಾವು ಹೊರಳಿ ಬರುವಷ್ಟರಲ್ಲಿ ಪಂಚರು ಬಂದಿದ್ದರು. “ಇವರನ್ನ ಕೂಡಿಸ್ಕೊಂಡಿದ್ದೇ ತಪ್ಪಾತು. ಇವತ್ತೇ ಹೊರಗ ಹಾಕ್ರಿ,” ಎಂದು ನಮ್ಮೂರಿನ ಪಂಚರೊಬ್ಬರು ಕೂಗಿದರು. ಹಿಂದೆ ಪಾಸ್‌ಪೋರ್ಟಿನ ಮಾತಾಡಿದ್ದ ಹೊಸ ಊರಿನ ಗಾಡಿಯವನು ಎತ್ತಿನ ಹಗ್ಗ ಹಿಡಿದು ನಿಂತಿದ್ದ.

“ಅವರನ್ಯಾಕ ಹಾಕ್ತೀರಿ? ಗೆರಿ ನಿಮ್ಮೂರಿಗಿ ಹೋಗ್ಯಾವ. ಬರ್ರಿ, ತೋರಸ್ತೀನಿ,” ಅಂದರು ಚಾಚಾ.

ಹೋಗಿ ನೋಡಿಬಂದ ಮೇಲೆ ಹಿರಿಯ ಪಂಚರು ಕೇಳಿದರು: “ಹಂಗಾರ ಈ ಗಾಡಿ ಬಿಟ್ಟಾವ್ರು ಯಾರು?”

ಚಾಚಾ ನನ್ನ ಕಡೆ ನೋಡಿದರು. ಕಾಗದ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ನಾನು ನೀರಿನ ಕಡೆ ನೋಡಿದೆ.

“ನಾ ಬಿಟ್ಟೇನ್ರಿ. ಸರಪಳಿ ನನ್ನ ಕೈಯಾಗ ಇತ್ತು,” ಅಂದರು.

ಸರಪಳಿಯನ್ನು ಅವರಿಂದ ಕಸಿದುಕೊಂಡರು. ಹೊಸ ಊರು ದಾರಿಯಲ್ಲಿ ಉಳಿಯಿತು. “ಹೊಸ ಊರಿನ” ಎಂಬ ಎರಡು ಶಬ್ದಗಳನ್ನು ಅಂದು ಮಧ್ಯಾಹ್ನ, ಮನೆಯಲ್ಲಿ ಒಬ್ಬನೇ ಕುಳಿತು ಆ ಕಾಗದಕ್ಕೆ ಸೇರಿಸಿದೆ. ಬೇರೆ ಶಾಯಿಯೆಂದು ಯಾರೂ ಗಮನಿಸಲಿಲ್ಲ.

ಚಾಚಾ ಸುರಪುರದ ಮಗಳ ಮನೆಗೆ ಹೋದರು, ಅಲ್ಲೇ ತೀರಿಕೊಂಡರು. ದಫನಿಗೆ ಹೋಗಿ ಮೂರು ಹಿಡಿ ಮಣ್ಣು ಹಾಕಿದೆ. ಅವರ ಮಗಳಿಗೂ ಏನೂ ಹೇಳಲಿಲ್ಲ.

ಚಾಚಾ ಅಂದು ನನ್ನತ್ತ ನೋಡಿದ್ದನ್ನು ಕಂಡವರು ಇಬ್ಬರು ಇನ್ನೂ ಇದ್ದಾರೆ. ಒಬ್ಬ ಆ ಗಾಡಿಯವನು. ಇನ್ನೊಬ್ಬಳು ಮೇವಿನ ಹೊರೆ ಇಳಿಸಿ ಕಂಬದ ಪಕ್ಕ ನಿಂತಿದ್ದ ನಮ್ಮೂರಿನ ಹೆಣ್ಣುಮಗಳು. ಅವಳಿಗೀಗ ಕಣ್ಣು ಮಂಜು, ನೆನಪು ಚೊಕ್ಕಟ. ಇಬ್ಬರೂ ಇದುವರೆಗೆ ಬಾಯಿ ಬಿಟ್ಟಿಲ್ಲ. ಕೇಳಿದರೆ ಸುಳ್ಳು ಹೇಳುವವರೂ ಅಲ್ಲ.