ತಂಗಮ್ಮನ ಕರಿ ಶ್ಯಾವಿಗೆ

ತಂಗಮ್ಮ ಅಂಗಳದಲ್ಲಿ ಕರಿ ಶ್ಯಾವಿಗೆ ಒಣಹಾಕಿದ್ದಾಳೆ ಎಂಬ ಸುದ್ದಿ, ೨೦೦೩ರ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಹತ್ತು ಗಂಟೆಯ ಬಸ್ಸಿಗಿಂತ ಮೊದಲೇ ಗೋಣಿಬೀಡಿನ ಬಸ್ ಸ್ಟ್ಯಾಂಡು ತಲುಪಿತ್ತು. ಸುದ್ದಿ ತಂದವರು ಸುಳ್ಳು ಹೇಳಿರಲಿಲ್ಲ. ಕಾಫಿ ಒಣಗಿಸುವ ಹಾಳೆಯ ಮೇಲೆ ಪೆನ್ಸಿಲ್ ದಪ್ಪದ ಕಂದು ಎಳೆಗಳು ಉದ್ದಕ್ಕೆ ಬಿದ್ದುಕೊಂಡಿದ್ದವು. ಪಕ್ಕದಲ್ಲಿ ಹಬ್ಬಕ್ಕೆ ಶ್ಯಾವಿಗೆ ಒತ್ತುವ ಮರದ ಒರಳು, ಅದರ ಬಾಯಿಗೆಲ್ಲ ಕರಿ ಹಿಟ್ಟು. ತಂಗಮ್ಮ ಕೋಲು ಹಿಡಿದು ಕೋಳಿ ಓಡಿಸುತ್ತ ಕೂತಿದ್ದಳು. ಏನಿದು ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ: "ಸೌದೆ."

ಶ್ಯಾವಿಗೆ ಒರಳಿನಲ್ಲಿ ಸೌದೆ ಒತ್ತುವ ಹೆಂಗಸನ್ನು ನಮ್ಮ ಕಡೆಯವರು ಅದುವರೆಗೆ ಕಂಡಿರಲಿಲ್ಲ. ಕಂಡ ಮೇಲೆ ನಗದೆ ಇರುವಷ್ಟು ದೊಡ್ಡತನವೂ ಯಾರಿಗಿರಲಿಲ್ಲ.

ಅವಳ ಗಂಡ ಲಕ್ಕಯ್ಯ ಹತ್ತಿರದ ಎಸ್ಟೇಟಿನಲ್ಲಿ ಮೇಸ್ತ್ರಿ. ತಂಗಮ್ಮನೂ ಕೊಯ್ಲಿನ ದಿನಗಳಲ್ಲಿ ಅಲ್ಲೇ ಪಲ್ಪರ್ ಮನೆಯಲ್ಲಿ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮಿಷನ್ನಿನ ಹತ್ತಿರ, ಕೆಲಸ ಮಾಡುತ್ತಿದ್ದಳು. ಯಾವುದನ್ನು ನೋಡಿದರೂ ಅದರ ಹೊಟ್ಟೆಯೊಳಗೆ ಏನಿದೆ ಅಂತ ತಿಳಿಯದೆ ಅವಳಿಗೆ ಸಮಾಧಾನವಿಲ್ಲ. ತೊಂಬತ್ತನಾಲ್ಕರಲ್ಲಿ ಪಲ್ಪರ್ ಕೆಟ್ಟು ನಿಂತಾಗ ರಿಪೇರಿಗೆ ಬಂದವನ ಭುಜಕ್ಕೇ ಮುಖ ತಂದು ನೋಡುತ್ತಿದ್ದಳಂತೆ. "ಸ್ವಲ್ಪ ಬೆಳಕು ಬಿಡಮ್ಮ" ಅಂತ ಅವನು ಎರಡು ಸಲ ಬೇಡಿಕೊಂಡ. ಮರುವರ್ಷ ಅದೇ ಮಿಷನ್ ಮತ್ತೆ ನಿಂತಿತು. ರಿಪೇರಿಯವನು ಮೂಡಿಗೆರೆಯಿಂದ ಬಂದು ಮುಟ್ಟುವ ಹೊತ್ತಿಗೆ ತಂಗಮ್ಮ ಒಳಗಿದ್ದ ಕಲ್ಲನ್ನು ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು.

ಆದರೆ ಊರಿನಲ್ಲಿ ಅವಳಿಗೆ ಹೆಸರು ಬಂದದ್ದು ಮಿಷನ್ನಿನಿಂದಲ್ಲ, ಹೊಗೆ ಬಾಡಿನಿಂದ. ಮಳೆಗಾಲಕ್ಕೆ ಮುಂಚೆ ಹಂದಿ ಬಾಡನ್ನು ಪಟ್ಟಿಯಾಗಿ ಕೊಯ್ದು, ಉಪ್ಪು ಅರಿಶಿನ ನಿಂಬೆಹುಳಿ ತಿಕ್ಕಿ, ಒಲೆಯ ಮೇಲೆ ತಂತಿಗೆ ನೇತುಹಾಕಿ ನಾಲ್ಕು ದಿನ ಹೊಗೆ ಕೊಡುತ್ತಾರೆ. ಹೇಳುವುದಕ್ಕೆ ಇಷ್ಟೇ. ಉರಿ ಎದ್ದರೆ ಕೊಬ್ಬು ಸುರಿದು ಬಾಡು ಸುಟ್ಟುಹೋಗುತ್ತದೆ, ಆರಿದರೆ ಕೊಳೆಯುತ್ತದೆ. ಹಾಗಾಗಿ ಒಬ್ಬರು ಒಲೆಯ ಮುಂದೆ ಕೂತು ಕೊಳ್ಳಿ ಹಿಂದೆ ಮುಂದೆ ಮಾಡುತ್ತಲೇ ಇರಬೇಕು. ಈ ವಿದ್ಯೆಯನ್ನು ತಂಗಮ್ಮನಿಗೆ ಕಲಿಸಿದವಳು ಲಕ್ಕಯ್ಯನ ಅಕ್ಕ ನಂಜಮ್ಮ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಬೆಳೆಸಿದ ಅಕ್ಕ, ಕಳಸದ ಹತ್ತಿರ ಕೊಟ್ಟ ಮನೆಯಲ್ಲಿ ನಲವತ್ತು ವರ್ಷ ಬಾಡು ಒಣಗಿಸಿದವಳು. ತಂಗಮ್ಮ ಮದುವೆಯಾಗಿ ಬಂದ ವರ್ಷವೇ ನಂಜಮ್ಮ ಅವಳನ್ನು ಒಲೆಯ ಮುಂದೆ ಕೂರಿಸಿ, "ಎದ್ದೆ ಅಂದ್ರೆ ಬಾಡು ಕೆಡ್ತದೆ, ನೆನಪಿಟ್ಕ" ಅಂದಿದ್ದಳು. ಶ್ಯಾವಿಗೆ ಒರಳನ್ನೂ ಆಗಲೇ ಅವಳು ಉಡುಗೊರೆಯಾಗಿ ಕೊಟ್ಟದ್ದು. ಕಣ್ಣು ಮಂಜಾಗಿ ತಾನು ಬಾಡು ಒಣಗಿಸುವುದನ್ನು ಬಿಟ್ಟ ಮೇಲೆ, ನಂಜಮ್ಮ ಪ್ರತಿ ಮೇ ತಿಂಗಳ ಕೊನೆಗೆ ಬಂದು ತಂಗಮ್ಮ ಮಾಡಿದ್ದನ್ನು ತಿಂದು ನೋಡಿ, ತಪ್ಪು ಹೇಳಿ, ತನ್ನ ಪಾಲು ಕಟ್ಟಿಸಿಕೊಂಡು ಹೋಗುತ್ತಿದ್ದಳು.

ಇಪ್ಪತ್ತನಾಲ್ಕು ವರ್ಷ ತಂಗಮ್ಮ ಏಳದೆ ಕೂತಳು. ಇಪ್ಪತ್ತೈದನೇ ವರ್ಷಕ್ಕೆ ಕೆಮ್ಮು ಹಿಡಿಯಿತು. ಪಲ್ಪರ್ ಮನೆಯ ಮೆಟ್ಟಿಲು ಹತ್ತಿದರೆ ಎದೆಯೊಳಗೆ ಯಾರೋ ಸೀಟಿ ಊದಿದ ಹಾಗೆ. ಮೂಡಿಗೆರೆಯ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಬೀಡಿ ಸೇದ್ತೀರಾ?" ಅಂತ ಕೇಳಿದರು. ಇಲ್ಲ ಅಂದಾಗ, "ಹಾಗಾದ್ರೆ ಸೌದೆ ಒಲೆ. ಇನ್ನು ಅದರ ಮುಂದೆ ಕೂರಬೇಡಿ" ಅಂದರು.

ಬೇರೆ ಯಾರಾದರೂ ಆಗಿದ್ದರೆ ಮಾತ್ರೆ ಚೀಟಿ ತೆಗೆದುಕೊಂಡು ಏಳುತ್ತಿದ್ದರು. ತಂಗಮ್ಮ ಎದ್ದಳೇ? "ಅಲ್ಲ ಡಾಕ್ಟ್ರೆ, ಅದೇ ಹೊಗೆ ಬಾಡಿಗೆ ಹಾಕಿದ್ರೆ ಬಾಡು ಕೆಡದೆ ಉಳೀತದೆ. ನನ್ನನ್ಯಾಕೆ ಕೆಡಿಸ್ತದೆ?"

ಡಾಕ್ಟರು ನಕ್ಕು ಮುಂದಿನವರನ್ನು ಕರೆದರು. ಆ ಪ್ರಶ್ನೆಯನ್ನು ತಂಗಮ್ಮ ಹಾಗೇ ಮನೆಗೆ ತಂದಳು.

ಲಕ್ಕಯ್ಯ ಆ ವಾರವೇ ಗ್ಯಾಸ್ ತಂದಿಟ್ಟ. ಒಲೆ ಒಡೆದು ಕಟ್ಟೆ ಕಟ್ಟಿಸಬೇಕು, ಇನ್ನು ಹೊಗೆಯೂ ಬೇಡ, ಬಾಡೂ ಬೇಡ ಅಂದ. ಹೆಂಡತಿಯ ಮೇಲಿನ ಪ್ರೀತಿಯನ್ನು ಅವನು ಆಜ್ಞೆಯ ದನಿಯಲ್ಲಲ್ಲದೆ ಬೇರೆ ರೀತಿ ಹೇಳಿದ್ದೇ ಇಲ್ಲ. ತಂಗಮ್ಮನಿಗೆ ದುಃಖವಾಯಿತು. ಕೆಮ್ಮುವುದು ಅವಳಿಗೂ ಬೇಕಿರಲಿಲ್ಲ. ಆದರೆ ಅವಳ ಕೈಯಿಂದ ಹೊರಟು ನಾಲ್ಕು ಊರಿಗೆ ಗೊತ್ತಾದ ವಸ್ತು ಅದೊಂದೇ. ಅದನ್ನು ಬಿಟ್ಟರೆ ತಾನು ಮೇಸ್ತ್ರಿ ಹೆಂಡತಿ, ಅಷ್ಟೇ.

"ನಾನು ಕೂರ್ದಲೇ ಬಾಡು ಒಣಗೋ ಹಾಗೆ ಮಾಡಿದ್ರೆ?" ಅಂದಳು.

ಲಕ್ಕಯ್ಯ ತಲೆ ಕೆರೆದುಕೊಂಡ. "ಅಕ್ಕ ಮೇ ಕೊನೆಗೆ ಬರ್ತಾಳೆ. ಅವಳು ತಿಂದು ಒಪ್ಪಿದ್ರೆ ಏನ್ ಬೇಕಾದ್ರೂ ಮಾಡ್ಕ. ಒಪ್ಪಲಿಲ್ವ, ಆಮೇಲೆ ಬಾಡಿನ ಮಾತೇ ಎತ್ತಬಾರ್ದು."

ಅಕ್ಕ ಯಾವುದನ್ನೂ ಒಪ್ಪುವವಳಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಉಪಾಯ ಹೊಳೆದದ್ದು ಪಲ್ಪರಿನಿಂದ. ಅದರ ಮೇಲೊಂದು ಇಳಿಜಾರು ತೊಟ್ಟಿ ಇರುತ್ತದೆ. ಹಣ್ಣು ಸುರಿದು ನಾವು ಸುಮ್ಮನಿದ್ದರೂ, ಕೆಳಗಿನದು ಖಾಲಿಯಾದಷ್ಟು ಮೇಲಿನದು ತಾನೇ ಜಾರಿ ಬರುತ್ತದೆ. ಸೌದೆಯೂ ಹಾಗೇ ಜಾರಿ ಬರುವುದಾದರೆ ಒಲೆಯ ಮುಂದೆ ಕೂರುವವರು ಯಾಕೆ ಬೇಕು? ಕೊಳ್ಳಿ ಜಾರುವುದಿಲ್ಲ, ನಿಜ. ಕಾಫಿ ಹಣ್ಣಿನಷ್ಟು ಸಣ್ಣ ಸೌದೆ ಇದ್ದರೆ ಜಾರುತ್ತದೆ.

ಮೂಡಿಗೆರೆಯಲ್ಲಿ ಬಸ್ಸು ಬದಲಿಸಿ ಬಣಕಲ್ಲಿಗೆ ಹೋದಳು. ಅಲ್ಲಿ ರಸ್ತೆ ಬದಿಯಲ್ಲಿ ಪ್ರಸಾದ್ ಎಂಬವನ ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿ ಸರಳು ಮಾಡಿ ಮಾಡಿ ಬೇಸರ ಬಂದಿದ್ದ ಮನುಷ್ಯ. ತಂಗಮ್ಮ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದಳು: ಅಡ್ಡ ಮಲಗಿಸಿದ ಡೀಸೆಲ್ ಡ್ರಮ್ಮು, ಒಳಗೆ ಸರಳು, ಒಂದು ಕಡೆ ಹೊಗೆ ಕೊಳವೆ, ಇನ್ನೊಂದು ಕಡೆ ಗಾಳಿ ಕಿಂಡಿ ಇಟ್ಟ ಸಣ್ಣ ಬೆಂಕಿ ಪೆಟ್ಟಿಗೆ, ಅದರ ಮೇಲೆ ಪಲ್ಪರಿನ ಹಾಗೆ ತೊಟ್ಟಿ.

"ಇದ್ರಲ್ಲಿ ಏನ್ ಮಾಡ್ತೀರಕ್ಕ?"

"ನಿದ್ದೆ," ಅಂದಳು ತಂಗಮ್ಮ.

ಪ್ರಸಾದ್ ನಕ್ಕರೂ ಡ್ರಮ್ಮನ್ನು ಕೆಂಪಗೆ ಕಾಯಿಸಿ ಡೀಸೆಲ್ ವಾಸನೆ ಹೋಗುವಂತೆ ಸುಟ್ಟು, ಹತ್ತು ದಿನದಲ್ಲಿ ಮಾಡಿಕೊಟ್ಟ. ತೊಟ್ಟಿಗೆ ಬಿಗಿ ಮುಚ್ಚಳ ಹಾಕಿಸಿದ್ದು ಅವನ ಬುದ್ಧಿ. ಮೇಲಿನಿಂದ ಗಾಳಿ ಆಡಿದರೆ ಬೆಂಕಿ ತೊಟ್ಟಿಗೇ ಹತ್ತುತ್ತದೆ ಅಂದ. ಶ್ಯಾವಿಗೆ ಒರಳಿಗೆ ದಪ್ಪ ತೂತಿನ ಬಿಲ್ಲೆಯನ್ನೂ ಅವನೇ ಕೊರೆದುಕೊಟ್ಟ.

ಇನ್ನು ಸಣ್ಣ ಸೌದೆ ಒತ್ತುವುದಕ್ಕೆ ಹೊಟ್ಟು. ಹಲ್ಲಿಂಗ್ ಮಿಲ್ಲಿನ ಹಿಂದೆ ಚೆರಿ ಹೊಟ್ಟು, ಅಂದರೆ ಇಡೀ ಹಣ್ಣನ್ನೇ ಒಣಗಿಸಿ ಕುಟ್ಟಿದಾಗ ಬರುವ ಕರಿ ಸಿಪ್ಪೆ, ಗುಡ್ಡೆಗಟ್ಟಲೆ ಬಿದ್ದಿರುತ್ತದೆ. ಗೊಬ್ಬರಕ್ಕೆ ಯಾರು ಬೇಕಾದರೂ ಹೊತ್ತುಕೊಂಡು ಹೋಗಬಹುದು. ಕಾಫಿ ಸೀಮೆಯವರಿಗೆ ಹೊಟ್ಟು ಅಂದರೆ ಅದೇ, ತಂಗಮ್ಮನಿಗೂ ಎರಡನೇ ಯೋಚನೆ ಬರಲಿಲ್ಲ. ಎರಡು ಮೂಟೆ ತಂದು, ಪುಡಿ ಮಾಡಿ, ಅನ್ನದ ಗಂಜಿಯಲ್ಲಿ ಕಲಸಿ ಒತ್ತಿದಳು. ಊರು ನಕ್ಕದ್ದು ಈ ಶ್ಯಾವಿಗೆಯನ್ನೇ. ಒಣಗಿದ ಎಳೆಗಳನ್ನು ಬೆರಳಿನ ಗೆಣ್ಣಿನಷ್ಟು ಮುರಿದು ತೊಟ್ಟಿಗೆ ಸುರಿದು, ಕೆಳಗೆ ಕೆಂಡ ಇಟ್ಟಳು. ಉರಿ ಏಳಲಿಲ್ಲ, ಆರಲೂ ಇಲ್ಲ. ಮೇಲಿನ ತುಂಡುಗಳು ಜಾರಿ ಬರುವ ಸದ್ದು ಆಗಾಗ ಕೇಳುತ್ತಿತ್ತು. ಅವಳು ಬೇಲಿಯ ಆಚೆ ನಿಂತು, ಮೂಗಿಗೆ ಸೆರಗು ಹಿಡಿದು, ಹಬ್ಬ ನೋಡಿದ ಹಾಗೆ ನೋಡಿದಳು.

ಬಾಡು ಒಣಗಿತು. ಬಣ್ಣ ಬಂತು. ಬಾಯಿಗೆ ಇಟ್ಟರೆ ಬೇವಿನ ಕಷಾಯ.

ಲಕ್ಕಯ್ಯ ಉಗುಳಿ, ನೀರು ಮುಕ್ಕಳಿಸಿ, "ನೋಡ್ದ್ಯ" ಅಂದ. ಅದಕ್ಕಿಂತ ಹೆಚ್ಚು ಹೇಳಲಿಲ್ಲ, ಹೇಳಿದ್ದರೆ ಅವಳಿಗೆ ಅಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಎರಡು ಕೆಜಿ ಬಾಡು ನಾಯಿಯ ಪಾಲಾಯಿತು. ನಾಯಿಯೂ ಒಂದೆರಡು ತುಂಡು ಮೂಸಿ ಬಿಟ್ಟಿತು.

ಮಾರನೇ ದಿನ ತಂಗಮ್ಮ ಹಿತ್ತಿಲಲ್ಲಿ ಐದು ಹೆಂಚಿನ ಚೂರು ಇಟ್ಟುಕೊಂಡು ಕೂತಳು. ಒಂದರ ಕೆಳಗೆ ಚೆರಿ ಹೊಟ್ಟು, ಒಂದರ ಕೆಳಗೆ ಕಾಫಿ ಗಿಡದ ಕಡ್ಡಿ, ಒಂದರ ಕೆಳಗೆ ಸಿಲ್ವರ್ ಓಕಿನ ಚಕ್ಕೆ, ಒಂದರ ಕೆಳಗೆ ಬಡಗಿಯಿಂದ ತಂದ ಹಲಸಿನ ಮರದ ಪುಡಿ. ಐದನೆಯದರ ಕೆಳಗೆ ಪಾರ್ಚ್‌ಮೆಂಟ್ ಹೊಟ್ಟು. ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಬೀಜದ ಮೇಲೆ ಉಳಿಯುವ ಕಾಗದದಂಥ ಬಿಳಿ ಪೊರೆ ಅದು. ಬೀಜ ಸುಲಿಸಿ ಹುರಿಯುವ ಕಾಫಿ ಪುಡಿ ಅಂಗಡಿಯವರನ್ನು ಕೇಳಿ ಒಂದು ಚೀಲದಲ್ಲಿ ತಂದಿದ್ದಳು. ಒಂದೊಂದನ್ನೂ ಸ್ವಲ್ಪ ಹೊಗೆಯಾಡಿಸಿ, ಹೆಂಚು ತಣ್ಣಗಾದ ಮೇಲೆ ಅದಕ್ಕೆ ಹತ್ತಿದ್ದನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿದಳು. ಮೇಸ್ತ್ರಿ ಹೆಂಡತಿ ಈಗ ಹೆಂಚು ನೆಕ್ಕುತ್ತಿದ್ದಾಳೆ ಎಂಬುದೂ ಬಸ್ ಸ್ಟ್ಯಾಂಡು ಮುಟ್ಟಿತು ಅಂತ ಬೇರೆ ಹೇಳಬೇಕಾಗಿಲ್ಲ.

ಚೆರಿ ಹೊಟ್ಟಿನದು ದಟ್ಟ ಹೊಗೆ, ಅಂಟು ಕಹಿ. ಹಣ್ಣಿನ ತಿರುಳೆಲ್ಲ ಸಿಪ್ಪೆಯಲ್ಲೇ ಒಣಗಿ ಕೂತಿತ್ತಲ್ಲ, ಅದು ಸುಟ್ಟ ಕಹಿ. ಪಾರ್ಚ್‌ಮೆಂಟಿನದು ತೆಳು ಹೊಗೆ, ಹೆಂಚಿಗೆ ಹೊಂಬಣ್ಣ ಮಾತ್ರ ಹತ್ತಿತ್ತು. ಹಲಸಿನದಕ್ಕೆ ಸಿಹಿ ಪರಿಮಳ. ತಂಗಮ್ಮನಿಗೆ ಡಾಕ್ಟರ ಹತ್ತಿರ ಕೇಳಿದ ಪ್ರಶ್ನೆ ನೆನಪಾಯಿತು. ಬಾಡಿಗೆ ಬೇಕಾದದ್ದು ತೆಳು ಹೊಗೆ, ಅದೂ ನಾಲ್ಕು ದಿನ. ತಾನು ಕುಡಿದದ್ದು ದಟ್ಟ ಹೊಗೆ, ಇಪ್ಪತ್ತನಾಲ್ಕು ವರ್ಷ. ಡಾಕ್ಟರು ಇದನ್ನು ಒಪ್ಪುತ್ತಾರೋ ಇಲ್ಲವೋ, ಅವಳಿಗೆ ಒಂದು ಉತ್ತರ ಸಿಕ್ಕಿತು.

ಎರಡು ಪಾಲು ಪಾರ್ಚ್‌ಮೆಂಟ್ ಹೊಟ್ಟು, ಒಂದು ಪಾಲು ಹಲಸಿನ ಪುಡಿ. ಈ ಶ್ಯಾವಿಗೆಯನ್ನು ತೊಟ್ಟಿಗೆ ತುಂಬಿದರೆ ನಾಲ್ಕು ಗಂಟೆ ತನ್ನಷ್ಟಕ್ಕೆ ಹೊಗೆಯಾಡುತ್ತಿತ್ತು. ಮೊದಲು ಗೆಣಸು ಇಟ್ಟು ನೋಡಿದಳು, ಆಮೇಲೆ ಮೆಣಸು ಸವರಿದ ಕೋಳಿ. ಗಾಳಿ ಕಿಂಡಿ ಪೂರ್ತಿ ತೆಗೆದರೆ ಕೋಳಿ ಬೇಯುತ್ತಿತ್ತು, ಒಂದು ಬೆರಳಷ್ಟು ತೆಗೆದರೆ ಬಾಡು ಒಣಗುತ್ತಿತ್ತು. ಕೋಳಿ ತಿಂದ ದಿನ ಲಕ್ಕಯ್ಯ ಮೂಳೆಯನ್ನು ಎರಡು ಸಲ ಚೀಪಿ ಕೈ ತೊಳೆದ. ಅವನ ಒಪ್ಪಿಗೆ ಸಿಕ್ಕಂತಾಯಿತು. ಬೇಕಾಗಿದ್ದದ್ದು ಅವನದ್ದಲ್ಲ.

ನಂಜಮ್ಮ ಮೇ ಇಪ್ಪತ್ತಾರರಂದು ಬಂದಳು. ಬಸ್ಸಿಳಿದವಳ ಕಿವಿಗೆ ಊರಿನ ಸುದ್ದಿಯೆಲ್ಲ ಬಿದ್ದಿತ್ತು. ಕೈಚೀಲವನ್ನೂ ಕೆಳಗಿಡದೆ ನೇರ ಹಿತ್ತಿಲಿಗೆ ಹೋಗಿ, ಗೋಡೆಗೆ ಒರಗಿಸಿದ್ದ ಒರಳನ್ನು ಕೈಯಿಂದ ಸವರಿದಳು. ಬೆರಳು ಕಪ್ಪಾಯಿತು.

"ಇದ್ರಲ್ಲಿ ಹಬ್ಬಕ್ಕೆ ಒತ್ತು ಶ್ಯಾವಿಗೆ ಮಾಡ್ಕ ಅಂತ ಕೊಟ್ಟಿದ್ದೆ ನಾನು," ಅಂದಳು.

ತಂಗಮ್ಮ ಒರಳನ್ನು ಸೆರಗಿನಿಂದ ಒರೆಸಿದಳು. "ಬೇರೆ ಕಬ್ಬಿಣದ್ದು ಮಾಡಿಸ್ತಿದೀನಿ ಅಕ್ಕ. ಇದನ್ನ ಹುಣಸೆ ಹಾಕಿ ತಿಕ್ಕಿಡ್ತೀನಿ."

ನಂಜಮ್ಮ ಕಪ್ಪಾದ ಬೆರಳನ್ನು ಗೋಡೆಗೆ ಒರೆಸಿ ಒಳಗೆ ನಡೆದಳು. ಊಟಕ್ಕೆ ಕೂತಾಗ ತಂಗಮ್ಮ ಹೊಗೆ ಬಾಡನ್ನು ನೆನೆಸಿ, ಈರುಳ್ಳಿ ಹಸಿಮೆಣಸು ಹಾಕಿ ಹುರಿದು ತಂದು ಬಡಿಸಿದಳು. ಲಕ್ಕಯ್ಯ ತನ್ನ ತಟ್ಟೆ ಮುಟ್ಟದೆ ಅಕ್ಕನ ಬಾಯಿಯನ್ನೇ ನೋಡುತ್ತ ಕೂತ. ನಂಜಮ್ಮ ಒಂದು ತುಂಡನ್ನು ಬಾಯಿಗೆ ಹಾಕಿ, ಉಳಿದ ಹಲ್ಲುಗಳ ಕಡೆಗೆ ತಳ್ಳಿ, ಬಹಳ ಹೊತ್ತು ಅಗಿದಳು. ಇನ್ನೊಂದು ತುಂಡು ತೆಗೆದುಕೊಂಡಳು. ಮಂಜಾದ, ಸದಾ ಕೆಂಪಾಗಿ ನೀರಾಡುವ ಕಣ್ಣನ್ನು ತಂಗಮ್ಮನ ಕಡೆ ತಿರುಗಿಸಿದಳು.

"ಬಾಡು ಒಣಗೋವಾಗ ನೀನು ಎಲ್ಲಿದ್ದೆ?"

ಸುಳ್ಳು ಹೇಳಬಹುದಿತ್ತು. ತಂಗಮ್ಮನಿಗೆ ಬರಲಿಲ್ಲ. "ಬೆಳಿಗ್ಗೆ ಮೆಣಸಿನ ಬಳ್ಳಿಗೆ ಮಣ್ಣು ಹಾಕ್ದೆ ಅಕ್ಕ. ಮಧ್ಯಾಹ್ನ ಜಗುಲಿ ಮೇಲೆ ಮಲಗಿದ್ದೆ."

"ಮಲಗಿದ್ಯ?"

"ಹೂಂ. ನಿದ್ದೆ ಬಂದ್ಬಿಡ್ತು."

ನಂಜಮ್ಮ ಅಗಿಯುವುದನ್ನು ನಿಲ್ಲಿಸಿದಳು. ಲಕ್ಕಯ್ಯ ಇನ್ನು ಬೈಗುಳ ಬಂತು ಅಂತ ತಲೆ ತಗ್ಗಿಸಿದ.

"ನಮ್ಮತ್ತೆ ನನ್ಗೆ ಹೇಳಿದ್ರು, ಎದ್ರೆ ಬಾಡು ಕೆಡ್ತದೆ ಅಂತ," ಅಂದಳು ನಂಜಮ್ಮ, ನಿಧಾನವಾಗಿ. "ನಲವತ್ತು ವರ್ಷ ನಾನು ಏಳಲಿಲ್ಲ. ಎದ್ರೆ ಏನಾಗ್ತದೆ ನೋಡಾಣ ಅಂತ ಒಂದ್ ಸಲನೂ ತಲೆಗೆ ಬರ್ಲಿಲ್ಲ ಕಣೆ." ಅವಳು ಎಡಗೈಯಿಂದ ಕಣ್ಣು ಒರೆಸಿಕೊಂಡಳು. ಅಡುಗೆಮನೆಯಲ್ಲಿ ಆಗ ಹೊಗೆ ಇರಲಿಲ್ಲ.

ತಂಗಮ್ಮ ಇನ್ನೆರಡು ತುಂಡು ಬಡಿಸಿದಳು. ನಂಜಮ್ಮ ಬೇಡ ಅನ್ನದೆ ತಿಂದಳು.

ಕೈ ತೊಳೆದು ಬಂದವಳು ತಮ್ಮನಿಗೆ ಹೇಳಿದಳು: "ಆ ಒಲೆ ಒಡೆಸು, ಲಕ್ಕ. ಮಳೆ ಹಿಡಿಯೋದ್ರೊಳಗೆ ನನ್ಗೂ ಇಂಥದೊಂದು ಡ್ರಮ್ಮು ಮಾಡ್ಸಿ ಕಳ್ಸು."

"ನಿನ್ಗೆ ಈ ವಯಸ್ಸಲ್ಲಿ ಯಾಕಕ್ಕ? ಬಾಡು ಇಲ್ಲಿಂದ್ಲೇ ಬರ್ತದಲ್ಲ."

"ಬಾಡಿಗಲ್ಲ ಮಾರಾಯ," ಅಂದಳು ನಂಜಮ್ಮ. "ಅದು ಒಣಗ್ತಿರೋವಾಗ ಒಂದ್ ಮಧ್ಯಾಹ್ನ ಮಲಗಿ ನೋಡ್ಬೇಕು."

ಎರಡನೇ ಡ್ರಮ್ಮು ಜೂನ್ ಮೂರಕ್ಕೆ ಬಣಕಲ್ಲಿನಿಂದ ಕಳಸದ ಕಡೆ ಜೀಪಿನಲ್ಲಿ ಹೋಯಿತು. ಜೊತೆಗೆ ಒಂದು ಮೂಟೆ ಶ್ಯಾವಿಗೆ, ಚೆನ್ನಾಗಿ ಒಣಗಿದ್ದು.