ಬಲೂನಿನ ನೆತ್ತಿಯಲ್ಲಿ ಎಡಗೈ ಹೊಲಿಗೆ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಸೆರೊ ಕ್ಲಾರೊ ಊರಿನಾಚೆ ಮೇವು ಕೊಯ್ದ ಬಯಲಿನಲ್ಲಿ ನಲವತ್ತೆರಡು ಬಿಸಿಗಾಳಿ ಬಲೂನುಗಳು ಅಡ್ಡಬಿದ್ದಿವೆ. ಹುಲ್ಲಿನ ಕೂಳೆಯ ಮೇಲೆ ಇಬ್ಬನಿ ಉಪ್ಪಿನ ಹಾಗೆ ಹೆಪ್ಪುಗಟ್ಟಿದೆ. ಓರ್ಲಿಂಡಾ ಸಿಸ್ನೆರೋಸ್ ಬೂಟು ಕಳಚಿಟ್ಟು, ಬರೀ ಉಣ್ಣೆಯ ಕಾಲುಚೀಲದಲ್ಲಿ ಇಪ್ಪತ್ತಮೂರನೆಯ ಬಲೂನಿನ ಹೊಟ್ಟೆಯೊಳಕ್ಕೆ ನಡೆದು ಹೋಗುತ್ತಾರೆ. ಹೊರಗಿನ ಫ್ಯಾನು ತಣ್ಣನೆ ಗಾಳಿ ತುಂಬಿ ಬಟ್ಟೆಯನ್ನು ಅರ್ಧ ಎಬ್ಬಿಸಿದೆ. ಒಳಗೆ ಕೆಂಪು ನೀಲಿ ನೈಲಾನಿನ ಗುಹೆ. ಹಣೆಗೆ ಕಟ್ಟಿದ ಟಾರ್ಚಿನ ಬೆಳಕು ಹೊಲಿಗೆಯಿಂದ ಹೊಲಿಗೆಗೆ ಸರಿಯುತ್ತದೆ. ಅವರು ಏನನ್ನೂ ಮೆಚ್ಚಿ ನೋಡುತ್ತಿಲ್ಲ. ಏನೋ ಬಚ್ಚಿಟ್ಟಿದ್ದಾರೆ ಎಂದುಕೊಂಡೇ ನೋಡುತ್ತಿದ್ದಾರೆ.

ಅರವತ್ತೊಂದು ವರ್ಷದ ಓರ್ಲಿಂಡಾ ಈ ಬಲೂನು ಉತ್ಸವದ ಬಟ್ಟೆ ತಪಾಸಕಿ. ಅವರು ಹಸಿರು ಚೀಟಿ ಕಟ್ಟಿದರೆ ಬಲೂನು ಏರುತ್ತದೆ, ಕೆಂಪು ಚೀಟಿ ಕಟ್ಟಿದರೆ ಮಡಚಿ ಚೀಲ ಸೇರುತ್ತದೆ. ಪೈಲಟ್‌ಗಳ ಫೋಟೊ ಪೇಪರಿನಲ್ಲಿ ಬರುತ್ತದೆ. ಚೀಟಿ ಕಟ್ಟಿದವರ ಹೆಸರು ಯಾರಿಗೂ ಬೇಕಿಲ್ಲ. ಓರ್ಲಿಂಡಾಗೆ ಪೈಲಟ್‌ಗಳು ಇಟ್ಟಿರುವ ಹೆಸರು ಮಾತ್ರ ಬಯಲಿಗೆಲ್ಲ ಗೊತ್ತು: ಸಂತ ತೋಮಾ, ಶಿಲುಬೆಯಲ್ಲಿ ಸತ್ತು ಎದ್ದುಬಂದ ಒಡೆಯನ ಗಾಯಕ್ಕೆ ಬೆರಳಿಟ್ಟು ನೋಡಿದ ಮೇಲಷ್ಟೇ ನಂಬಿದವನು. “ತೂತು ಇಲ್ಲ ಅಂದ್ರೆ ಬೆರಳಲ್ಲೇ ಮಾಡ್ಬಿಟ್ಟು ಹೋಗ್ತಾಳೆ” ಎಂದು ಅವರಿಗೆ ಕೇಳಿಸುವಂತೆಯೇ ಹೇಳುತ್ತಾರೆ.

“ಮನುಷ್ಯರ ಮೇಲೆ ನಂಗೇನೂ ಅನುಮಾನ ಇಲ್ಲ” ಎನ್ನುತ್ತಾರೆ ಓರ್ಲಿಂಡಾ. “ಅನುಮಾನ ನೈಲಾನ್ ಮೇಲೆ. ಆದ್ರೆ ಅದನ್ನ ಕಾಯಿಸೋರು ಮನುಷ್ಯರೇ ಅಲ್ವಾ?”

ಅತಿಯಾಗಿ ಕಾದ ನೈಲಾನು ಸುಟ್ಟಂತೆ ಕಾಣುವುದಿಲ್ಲ. ಬಣ್ಣ ಹಾಗೇ ಇರುತ್ತದೆ, ಬಲ ಮಾತ್ರ ಹೋಗಿರುತ್ತದೆ. ಅದಕ್ಕೇ ಪ್ರತಿ ಬಲೂನಿನ ನೆತ್ತಿಯ ಒಳಮೈಗೆ, ಶಾಖ ಹೆಚ್ಚು ಮುಟ್ಟುವ ಕಡೆ, ಬೆರಳಗಲದ ಒಂದು ಪಟ್ಟಿ ಹೊಲಿದಿರುತ್ತಾರೆ. ಅದರ ಮೇಲೆ ಎಂಟು ಬಿಳಿ ಚುಕ್ಕೆ. ಒಂದೊಂದು ಚುಕ್ಕೆಯೂ ಒಂದೊಂದು ಉಷ್ಣತೆಗೆ ಕಪ್ಪಾಗುತ್ತದೆ. ಕಪ್ಪಾದದ್ದು ಮತ್ತೆ ಬಿಳಿಯಾಗುವುದಿಲ್ಲ. ಬಲೂನು ತನ್ನ ಜ್ವರವನ್ನು ತಾನೇ ಬರೆದಿಟ್ಟುಕೊಳ್ಳುವ ರೀತಿ ಅದು.

ಇಪ್ಪತ್ತಮೂರನೆಯ ಬಲೂನಿನ ಎಂಟೂ ಚುಕ್ಕೆಗಳು ಬೆಳ್ಳಗಿವೆ. ಓರ್ಲಿಂಡಾ ಅಲ್ಲೇ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಟಾರ್ಚು ಪಟ್ಟಿಯ ಅಂಚಿನ ಹೊಲಿಗೆಯ ಮೇಲೆ ನಿಲ್ಲುತ್ತದೆ. ಯಂತ್ರದ ಹೊಲಿಗೆಯಲ್ಲ, ಕೈಹೊಲಿಗೆ. ಎಳೆಗಳು ಎಡಕ್ಕೆ ವಾಲಿವೆ, ಕೊನೆಯಲ್ಲಿ ಮೂರು ಸುತ್ತಿನ ಸಣ್ಣ ಗಂಟು. ಆ ಗಂಟು ಹಾಕುವ ಕೈ ಯಾವುದು ಎಂದು ಅವರು ಯಾರನ್ನೂ ಕೇಳಬೇಕಾಗಿಲ್ಲ. ಐದನೆಯ ವಯಸ್ಸಿನಲ್ಲಿ ಆ ಕೈಯ ಪಕ್ಕದಲ್ಲೇ ಕೂತು ಅವರು ಹೊಲಿಗೆ ಕಲಿತದ್ದು.

ಬಲೂನು ತಮ್ಮ ಒನೊಫ್ರೆಯದು. ಕೈ ಅಮ್ಮ ಎಉಫೇಲಿಯಾ ಅವರದು.

ಅಮ್ಮ ಹೊರಗೇ ಇದ್ದಾರೆ, ಬುಟ್ಟಿಯ ಪಕ್ಕ ಮಡಚುಕುರ್ಚಿಯಲ್ಲಿ, ಎರಡು ಕಂಬಳಿ ಹೊದ್ದು. ಎಂಬತ್ತಾರು ವರ್ಷ. ನವೆಂಬರಿನ ಕೃತಜ್ಞತೆಯ ಹಬ್ಬವಾದ ಥ್ಯಾಂಕ್ಸ್‌ಗಿವಿಂಗ್ ದಿನ ಬೆಳಕು ಹರಿಯುವಾಗ ಮೊದಲು ಏರುವ ಬಲೂನಿನಲ್ಲಿ, ಊರಿನಲ್ಲಿ ಎಂದೂ ಆಕಾಶಕ್ಕೆ ಹೋಗದವರ ಪೈಕಿ ಅತಿ ಹಿರಿಯರನ್ನು ಕೂರಿಸುವುದು ಇಲ್ಲಿಯ ಪದ್ಧತಿ. ಈ ಸಲ ಅಮ್ಮನ ಸರದಿ. ಅಮ್ಮನನ್ನು ತನ್ನ ಬಲೂನಿನಲ್ಲಿ ತಾನೇ ಹಾರಿಸಬೇಕೆಂದು ಐವತ್ತನಾಲ್ಕರ ಒನೊಫ್ರೆ ಎರಡು ವರ್ಷದಿಂದ ಕಾದಿದ್ದಾರೆ.

ಓರ್ಲಿಂಡಾ ಹೊರಗೆ ಬಂದು ಬೂಟು ಹಾಕಿಕೊಳ್ಳದೆ ನಿಲ್ಲುತ್ತಾರೆ. ಪರೀಕ್ಷೆಯ ತಕ್ಕಡಿ ತರಲು ಹೇಳುತ್ತಾರೆ.

“ಪಟ್ಟಿ ನೋಡಿದ್ಯಲ್ಲಕ್ಕ” ಎನ್ನುತ್ತಾರೆ ಒನೊಫ್ರೆ. “ಒಂದು ಚುಕ್ಕೆನೂ ಕಪ್ಪಾಗಿಲ್ಲ. ಇನ್ನೇನು ಬೇಕು ನಿಂಗೆ?”

“ಮುನ್ನೂರು ಗಂಟೆ ಹಾರಿರೋ ಬಲೂನು ಕಣೋ ಇದು. ಕಮ್ಮಿ ಕಾವಿನ ಎರಡು ಚುಕ್ಕೆನಾದ್ರೂ ಕಪ್ಪಾಗಿರ್ಬೇಕಿತ್ತು.”

ಒನೊಫ್ರೆ ಬೇರೆ ಕಡೆ ನೋಡುತ್ತಾರೆ. ಓರ್ಲಿಂಡಾ ಅಮ್ಮನ ಕಡೆ ನೋಡುತ್ತಾರೆ. ಅಮ್ಮ ಕಂಬಳಿಯ ಅಂಚು ಸರಿಪಡಿಸಿಕೊಳ್ಳುತ್ತಾರೆ.

ಪರೀಕ್ಷೆ ಸರಳ. ನೆತ್ತಿಯ ಬಟ್ಟೆಗೆ ಎರಡು ಕಡೆ ಕ್ಲಿಪ್ಪು ಕಚ್ಚಿಸಿ, ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಬೇಕು. ಮೂವತ್ತು ಪೌಂಡು ತಡೆದರೆ ಬಟ್ಟೆ ಪಾಸು. ತಮ್ಮನ ಬಲೂನಾದ್ದರಿಂದ ಓರ್ಲಿಂಡಾ ಮುಳ್ಳನ್ನು ತಾವು ಓದುವುದಿಲ್ಲ. ಪಕ್ಕದ ಬಲೂನಿನ ಪೈಲಟ್‌ನನ್ನು ಕರೆದು ಜೋರಾಗಿ ಓದಲು ಹೇಳುತ್ತಾರೆ. ಆತ ಹತ್ತು ಎನ್ನುತ್ತಾನೆ, ಹದಿನೈದು ಎನ್ನುತ್ತಾನೆ. ಹತ್ತೊಂಬತ್ತು ಎನ್ನುವಷ್ಟರಲ್ಲಿ ಬಟ್ಟೆ ಒಣಗಿದ ಈರುಳ್ಳಿ ಸಿಪ್ಪೆಯಂತೆ ಬಿಡುತ್ತದೆ. ಶಬ್ದ ಕೂಡ ದೊಡ್ಡದಾಗಿ ಬರುವುದಿಲ್ಲ.

ಕೆಂಪು ಚೀಟಿ ಕಟ್ಟುವಾಗ ಒನೊಫ್ರೆ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, ಅಮ್ಮನಿಗೆ ಇಂಥ ಇನ್ನೊಂದು ಬೆಳಗು ಬರುತ್ತದೆಂದು ಬರೆದುಕೊಡುತ್ತೀಯಾ ಎಂದು ಕೇಳುತ್ತಾರೆ. ಓರ್ಲಿಂಡಾ ಚೀಟಿಯ ದಾರ ಬಿಗಿಯುತ್ತಾರೆ. ಅವರ ತಲೆಯಲ್ಲಿರುವುದು ಬೇರೆಯದೇ ಪ್ರಶ್ನೆ. ಪಟ್ಟಿ ಬದಲಿಸಿದ್ದು ತಮ್ಮನೇ, ಅದು ಸ್ಪಷ್ಟ. ಅಮ್ಮ ತಿಳಿದೇ ಹೊಲಿದುಕೊಟ್ಟರೇ?

ಆ ಬೆಳಗ್ಗೆ ಮೊದಲು ಏರಿದ್ದು ಬೇರೊಬ್ಬರ ಹಳದಿ ಬಲೂನು. ಅದರಲ್ಲಿದ್ದದ್ದು ಸರದಿಯಲ್ಲಿ ಅಮ್ಮನ ನಂತರದವರಾದ ಎಂಬತ್ತನಾಲ್ಕರ ನಿವೃತ್ತ ಕ್ಷೌರಿಕ. ಬಯಲೆಲ್ಲ ಟೋಪಿ ಬೀಸುತ್ತದೆ. ಎಉಫೇಲಿಯಾ ಕೂಡ ಕೈ ಬೀಸುತ್ತಾರೆ. ಓರ್ಲಿಂಡಾ ಇಪ್ಪತ್ತನಾಲ್ಕನೆಯ ಬಲೂನಿನೊಳಗೆ ನಡೆಯುತ್ತಾರೆ.

ಒಂದು ಬಲೂನಿಗೆ ಸುಮಾರು ಸಾವಿರ ಮೀಟರ್ ಬಟ್ಟೆ, ಐದು ಕಿಲೋಮೀಟರಿನಷ್ಟು ಹೊಲಿಗೆ. ತಪಾಸಣೆಗೆ ಉತ್ಸವದವರು ಕೊಡುವುದು ಬಲೂನಿಗೆ ಹನ್ನೆರಡು ನಿಮಿಷ. ಓರ್ಲಿಂಡಾ ಹಿಂದಿನ ಸಂಜೆಯೇ ಅರ್ಧ ಮುಗಿಸಿರುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ಹಳೆಯ ಉಣ್ಣೆ ಗೋದಾಮಿನಲ್ಲಿರುವ ತಮ್ಮ ಹೊಲಿಗೆ ಕೋಣೆಯಲ್ಲಿ ರಿಪೇರಿ. ಮೊದಲು ಹದಿನಾಲ್ಕು ವರ್ಷ ಡೇರೆ ಕಾರ್ಖಾನೆಯಲ್ಲಿದ್ದರು. ಗಟ್ಟಿ ಬಟ್ಟೆ ಎಳೆದೆಳೆದು ಬಲಗೈ ಹೆಬ್ಬೆರಳ ಬುಡ ಬಾತಿದೆ. ಚಳಿಗಾಲದಲ್ಲಿ ಬಾಗಿಲ ಹಿಡಿ ತಿರುಗಿಸುವುದೂ ಕಷ್ಟ. ಬಲೂನಿನ ಕೆಲಸಕ್ಕೆ ಬಂದು ಮೂವತ್ತು ವರ್ಷವಾದರೂ ಆಕಾಶ ಹತ್ತಿದ್ದು ನಾಲ್ಕೇ ಸಲ, ಅದೂ ಮೊದಲ ನಾಲ್ಕು ವರ್ಷದಲ್ಲಿ.

ಆಮೇಲೆ ಯಾಕಿಲ್ಲ ಎಂದರೆ ಒಂದು ಹಳೆಯ ಸಂಗತಿ ಹೇಳುತ್ತಾರೆ. ತಾವೇ ಹೊಲಿದು ಕಳಿಸಿದ ಒಂದು ಬಲೂನು ಆರು ಸಲ ಹಾರಿ ಬೇರೇನೋ ಕೆಲಸಕ್ಕೆ ವಾಪಸು ಬಂದಾಗ, ಬುಟ್ಟಿಯ ಭಾರ ಹೊರುವ ದಪ್ಪ ಪಟ್ಟಿಯ ಅಡಿಯಲ್ಲಿ ಒಂದು ಗೇಣು ಹೊಲಿಗೆ ಬಟ್ಟೆಯನ್ನೇ ಹಿಡಿದಿರಲಿಲ್ಲ. ಏನೂ ಆಗಿರಲಿಲ್ಲ. ಯಾರಿಗೂ ಗೊತ್ತೂ ಆಗಲಿಲ್ಲ.

“ನಾನೇ ಹೋಗಿ ಪೈಲಟ್‌ಗೆ ಹೇಳ್ದೆ. ಅವನು ನಕ್ಕ, ಪರವಾಗಿಲ್ಲ ಬಿಡಮ್ಮ ಅಂದ. ಆವತ್ತಿಂದ ನಿದ್ದೆ ಹೋಯ್ತು. ಅವನು ಬೈದಿದ್ರೆ ಹೋಗ್ತಿರ್ಲಿಲ್ಲ. ನನ್ನ ಹೊಲಿಗೆ ನೋಡೋರೇ ಇಲ್ಲ ಅಂದ್ಮೇಲೆ ಹತ್ತೋದು ಹ್ಯಾಗೆ?”

ಮಧ್ಯಾಹ್ನ ಎರಡಕ್ಕೆ ಓರ್ಲಿಂಡಾ ಮನೆಯಲ್ಲೇ ಊಟ. ಟರ್ಕಿ ಕೋಳಿ ಇದೆ, ಅದರ ಪಕ್ಕದಲ್ಲಿ ಅದಕ್ಕಿಂತ ಬೇಗ ಖಾಲಿಯಾಗುವ ಕೆಂಪು ಮೆಣಸಿನ ಸಾರು, ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ, ಕುಂಬಳದ ಹೂರಣದ ಕಡುಬು. ಒನೊಫ್ರೆ ಬರುತ್ತಾರೋ ಇಲ್ಲವೋ ಎಂದುಕೊಳ್ಳುವಾಗಲೇ ಬಂದು, ಯಾರನ್ನೂ ನೋಡದೆ ಮೇಜಿನ ತುದಿಯಲ್ಲಿ ಕೂರುತ್ತಾರೆ. ಓರ್ಲಿಂಡಾ ಬಡಿಸುತ್ತ ಅಮ್ಮನ ಕೈಯನ್ನೇ ಗಮನಿಸುತ್ತಾರೆ. ಅಮ್ಮ ಚಮಚ ಹಿಡಿದಿರುವುದು ಬಲಗೈಯಲ್ಲಿ. ಶಾಲೆಯಲ್ಲಿ ಸನ್ಯಾಸಿನಿಯರು ಗೆಣ್ಣಿಗೆ ಹೊಡೆದೂ ಹೊಡೆದೂ ಎಡಗೈಯನ್ನು ಬಿಡಿಸಿದ್ದರು. ಚರ್ಚಿನ ವಸ್ತ್ರಗಳನ್ನು ನಲವತ್ತು ವರ್ಷ ಬಲಗೈಯಲ್ಲೇ ಹೊಲಿದರು. ಎಡಗೈಯಲ್ಲಿ ಹೊಲಿಯುತ್ತಿದ್ದದ್ದು ಅಡುಗೆಮನೆಯಲ್ಲಿ, ಮಗಳೊಬ್ಬಳ ಎದುರಿಗೆ ಮಾತ್ರ. ಒನೊಫ್ರೆಗೆ ಅದು ಗೊತ್ತೇ ಇಲ್ಲ.

ಊಟಕ್ಕೆ ಮೊದಲು ಒಬ್ಬೊಬ್ಬರೂ ಯಾವುದಕ್ಕೆ ಕೃತಜ್ಞರೆಂದು ಹೇಳಬೇಕು. ಮಕ್ಕಳು ಮೊಮ್ಮಕ್ಕಳು ರಜೆಗೆ, ನಾಯಿಮರಿಗೆ, ಮೆಣಸಿಗೆ ಕೃತಜ್ಞತೆ ಹೇಳಿ ಮುಗಿಸುತ್ತಾರೆ. ಒನೊಫ್ರೆ ಏನೂ ಇಲ್ಲ ಎಂದು ತಲೆಯಾಡಿಸುತ್ತಾರೆ. ಸರದಿ ಅಮ್ಮನಿಗೆ ಬರುತ್ತದೆ. ಅವರು ಕರವಸ್ತ್ರ ಮಡಚಿಟ್ಟು, ಆಗಸ್ಟಿನಲ್ಲಿ ಮಗ ಒಂದು ಪಟ್ಟಿ ತಂದದ್ದನ್ನು ಹೇಳುತ್ತಾರೆ. ಹಳೆಯದು ಕೊಳೆಯಾಗಿದೆ, ಇದನ್ನು ಹೊಲಿದುಕೊಡು ಎಂದನಂತೆ.

“ಅಕ್ಕನ ಹತ್ರ ಕೊಡೋ ಅಂದೆ. ಅವಳಿಗೆ ಪುರುಸೊತ್ತಿಲ್ಲ ಅಂದ. ಇವಳು ಯಾವತ್ತು ಪುರುಸೊತ್ತಿಲ್ಲ ಅಂದಿದ್ದಾಳೆ? ಆಗ್ಲೇ ಗೊತ್ತಾಯ್ತು ಏನೋ ಇದೆ ಅಂತ.” ಅಮ್ಮ ಮಗಳ ಕಡೆ ತಿರುಗುತ್ತಾರೆ. “ಅದಕ್ಕೇ ಎಡಗೈಲಿ ಹೊಲ್ದೆ. ಇಡೀ ಬಯಲಲ್ಲಿ ನೀನೊಬ್ಳೇ ಓದ್ಬಲ್ಲೆ ಅಂತ.”

“ಬಾಯಲ್ಲೇ ಹೇಳ್ಬಹುದಿತ್ತಲ್ಲಮ್ಮ.”

“ಅವನು ನನ್ನ ಮಗ ಅಲ್ವೇನೇ ಹುಡುಗಿ? ಚಾಡಿ ಹೇಳ್ಲಾ?” ಅಮ್ಮ ಸಾರಿನ ಬಟ್ಟಲು ಹತ್ತಿರಕ್ಕೆಳೆದುಕೊಳ್ಳುತ್ತಾರೆ. “ನೀನು ಒಳಗೆ ಹೋಗಿ ಬರೋವರ್ಗೂ ನಾನು ಬುಟ್ಟಿಗೆ ಕಾಲಿಡ್ತಿರ್ಲಿಲ್ಲ. ಯಾರನ್ನೂ ನಂಬದ ಮಗಳೊಬ್ಳು ಇದ್ದಾಳಲ್ಲ, ಅದಕ್ಕೆ ನನ್ನ ಕೃತಜ್ಞತೆ. ಈಗ ಊಟ ಮಾಡಿ, ಆರ್ತಾ ಇದೆ.”

ಜುಲೈನಲ್ಲಿ ಆದದ್ದನ್ನು ಆಮೇಲೆ ಒನೊಫ್ರೆಯೇ ಹೇಳುತ್ತಾರೆ. ಐದು ಜನರನ್ನು ಹೊತ್ತಿದ್ದ ಬುಟ್ಟಿ ವಿದ್ಯುತ್ ತಂತಿಗಳ ಕಡೆಗೆ ಇಳಿಯುತ್ತಿತ್ತು. ಮೇಲೇರಲೆಂದು ಬರ್ನರಿನ ಉರಿಯನ್ನು ಒಂದೇ ಸಮನೆ ಹಾಯಿಸಿದರು. ತಂತಿ ದಾಟಿತು, ಪಟ್ಟಿಯ ಎಂಟೂ ಚುಕ್ಕೆ ಕಪ್ಪಾದವು. ಹೇಳಿದ್ದರೆ ನೆತ್ತಿಯ ಬಟ್ಟೆಯಷ್ಟೂ ಬದಲಾಗಬೇಕಿತ್ತು, ನೆತ್ತಿಗೆ ಬೇಕಾದ ಬಟ್ಟೆ ಕಾರ್ಖಾನೆಯಿಂದ ಉತ್ಸವದೊಳಗೆ ಬರುತ್ತಿರಲಿಲ್ಲ, ಅಮ್ಮನ ಸರದಿ ಬೇರೆಯವರ ಬುಟ್ಟಿಗೆ ಹೋಗುತ್ತಿತ್ತು. ಸಮಿತಿ ಒನೊಫ್ರೆಯನ್ನು ಒಂದು ವರ್ಷ ಉತ್ಸವದಿಂದ ಹೊರಗಿಟ್ಟಿದೆ. ವರದಿ ಬರೆದವರು ಅಕ್ಕನೇ.

ಡಿಸೆಂಬರ್ ಮಧ್ಯದ ಒಂದು ಬೆಳಗ್ಗೆ ಉಣ್ಣೆ ಗೋದಾಮಿನ ಉದ್ದ ಮೇಜಿನ ಮೇಲೆ ಅದೇ ಬಲೂನಿನ ಹೊಸ ನೆತ್ತಿ ಹರಡಿದೆ. ಒನೊಫ್ರೆ ಬಟ್ಟೆಯ ಭಾರ ಎತ್ತಿ ಹಿಡಿಯುತ್ತಾರೆ, ಓರ್ಲಿಂಡಾ ಯಂತ್ರ ತುಳಿಯುತ್ತಾರೆ. ಇಬ್ಬರ ನಡುವೆ ಮಾತು ಇನ್ನೂ ಕಡಿಮೆ. ಅಮ್ಮ ದಿನವೂ ಬರುತ್ತಾರೆ. ಪೊರೆ ಬಂದ ಕಣ್ಣು, ದಾರ ಕಾಣುವುದಿಲ್ಲ; ಆಗಸ್ಟಿನಲ್ಲಿ ಪಟ್ಟಿ ಹೊಲಿದದ್ದೂ ಬೆರಳ ಅಂದಾಜಿನಲ್ಲೇ. ಮುಗಿದ ಹೊಲಿಗೆಯ ಮೇಲೆ ಎಡಗೈ ಹೆಬ್ಬೆರಳನ್ನು ಮೆಲ್ಲಗೆ ಸರಿಸುತ್ತ ಹೋಗುತ್ತಾರೆ. ಒಂದು ಕಡೆ ಬೆರಳು ನಿಲ್ಲುತ್ತದೆ.

“ಇಲ್ಲಿ ಬಿಗಿ ಸಾಲ್ದು. ನಾಲ್ಕು ಬೆರಳಷ್ಟು ಬಿಚ್ಚು.”

ಓರ್ಲಿಂಡಾ ಟಾರ್ಚು ಹಿಡಿದು ನೋಡುತ್ತಾರೆ. ಅಡಿದಾರ ಸಡಿಲವಾಗಿದೆ. ಬೇರೆ ಯಾರೂ ಹಿಡಿಯುವಂಥದ್ದಲ್ಲ. ಅವರು ಕತ್ತರಿಯ ಮೊನೆಯಿಂದ ಒಂದೊಂದೇ ಎಳೆ ಬಿಚ್ಚತೊಡಗುತ್ತಾರೆ. ಬಾತ ಹೆಬ್ಬೆರಳು ನೋಯುತ್ತಿದ್ದರೂ ಮುಖದಲ್ಲಿ ನಗುವಿದೆ. ಜನವರಿಯಲ್ಲಿ ಗಾಳಿ ಸುಮ್ಮನಿರುವ ಒಂದು ಬೆಳಗ್ಗೆ ಅಮ್ಮನನ್ನು ಇದೇ ಬಲೂನಿನಲ್ಲಿ ಹತ್ತಿಸಬೇಕು ಎನ್ನುತ್ತಾರೆ, ಜೊತೆಗೆ ತಾವೂ ಹತ್ತಬೇಕಂತೆ.

“ಇಪ್ಪತ್ತಾರು ವರ್ಷ ಹತ್ತದೋಳು ಈಗ್ಯಾಕಕ್ಕ?” ಎಂದು ಒನೊಫ್ರೆ ಬಟ್ಟೆಯ ಆಚೆಯಿಂದ ಕೇಳುತ್ತಾರೆ.

ಓರ್ಲಿಂಡಾ ಬಿಚ್ಚುತ್ತಲೇ ಇರುತ್ತಾರೆ. “ಈಗ ನನ್ನ ಹೊಲಿಗೆನೂ ನಂಬದೋರು ಒಬ್ರು ಸಿಕ್ಕಿದ್ರಲ್ಲೋ.”