ನನ್ನದಲ್ಲದ ಕೈಗುಣ

ರುದ್ರೇಶಪ್ಪನವರ ಸುಟ್ಟ ಕೈಯನ್ನು ವಾಸಿ ಮಾಡಿದ್ದು ನಾನಲ್ಲ, ಅವರ ಹೆಂಡತಿ ಹಾಲಮ್ಮ. ಹನ್ನೊಂದು ವರ್ಷದಿಂದ ವಾಸಿ ಮಾಡಿದವಳೆಂಬ ಹೆಸರನ್ನು ನಾನು ಇಟ್ಟುಕೊಂಡಿದ್ದೇನೆ. ಜನ ತಾವಾಗಿ ಕೊಟ್ಟರು, ನಾನು ಬೇಡ ಅನ್ನಲಿಲ್ಲ ಎಂದು ಬರೆದರೆ ಮೃದುವಾಗಿ ಕೇಳಿಸುತ್ತದೆ. ಆದರೆ ಅದು ನಿಜವಲ್ಲ. ನಿಜ ಹೇಳಿರೆಂದು ಹಾಲಮ್ಮ ನನ್ನನ್ನು ಕೇಳಿಕೊಂಡಿದ್ದರು. ಹೇಳುತ್ತೇನೆಂದು ಒಪ್ಪಿದ್ದೆ. ಹೇಳಲಿಲ್ಲ.

ನಾನು ಜಗಳೂರು ಕಡೆಯವಳು. ಹೊನ್ನಾಳಿಯ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಕೆಲಸಕ್ಕೆ ಬಂದಾಗ ಮೂವತ್ತು ದಾಟಿತ್ತು. ಹೆಸರಿಗೆ ನರ್ಸು, ಗಾಯಕ್ಕೆ ಬ್ಯಾಂಡೇಜು ಕಟ್ಟುವುದು, ಹಾಸಿಗೆ ಬದಲಿಸುವುದು, ಕಸ ಬಳಿಯುವವರು ಬಾರದ ದಿನ ನೆಲ ಒರೆಸುವುದು ಎಲ್ಲವೂ ನನ್ನದೇ. ರೇಣುಕಾ ಎಂದು ಕರೆಯುವವರೇ ಕಡಿಮೆ. ‘ಏ, ಇಲ್ಲಿ ಬಾ’ ಅಂದರೆ ನಾನೇ ತಿರುಗಿ ನೋಡುತ್ತಿದ್ದೆ. ಇದನ್ನು ನೆಪವೆಂದು ಹೇಳುತ್ತಿಲ್ಲ. ಆಗ ನಾನು ಯಾವುದಕ್ಕೆ ಹಸಿದಿದ್ದೆ ಎಂಬುದು ನಿಮಗೆ ಗೊತ್ತಿರಲಿ ಎಂದಷ್ಟೇ.

ರುದ್ರೇಶಪ್ಪನವರದು ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜು. ಕಂಪನಿಯ ಬಿಡಿಭಾಗ ಬಿಟ್ಟು ಬೇರೆ ಹಾಕಿದವರಲ್ಲ. ಹೊನ್ನಾಳಿ, ನ್ಯಾಮತಿಯ ರೈತರಿಗೆ ಅವರ ಮೇಲೆ ಅಷ್ಟು ನಂಬಿಕೆ ಇದ್ದದ್ದೇ ಆ ಹಟದಿಂದ. ಒಂದು ಮಧ್ಯಾಹ್ನ ಬಿಸಿಯಾಗಿದ್ದ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಅವಸರದಲ್ಲಿ ತಿರುಗಿಸಿದರು. ಕುದಿಯುವ ನೀರು ಚಿಮ್ಮಿತು. ಬಲಗೈ ಮೊಣಕೈಯಿಂದ ಮಣಿಕಟ್ಟಿನ ತನಕ ಬೆಂದುಹೋಯಿತು.

ಮೂರು ವಾರ ನಮ್ಮಲ್ಲಿ ಬಿಳಿ ಮುಲಾಮು ಹಚ್ಚಿ ಕಟ್ಟಿದೆವು. ಸುತ್ತಲೂ ಒಣಗಿತು; ನಡುವೆ ಅಂಗೈಯಷ್ಟು ಜಾಗ ಮಾತ್ರ ಹಸಿಹಸಿಯಾಗಿಯೇ ಉಳಿಯಿತು. ಅವರು ಮನೆಗೆ ಹೋದ ಮೇಲೆ ನಾನು ಡ್ಯೂಟಿ ಮುಗಿಸಿ ದಿನಾ ಸಂಜೆ ಅವರ ಮನೆಗೇ ಹೋಗಿ ಕಟ್ಟಿ ಬರುತ್ತಿದ್ದೆ. ಹಳೇ ಬಟ್ಟೆ ಗಾಯಕ್ಕೆ ಅಂಟಿರುತ್ತಿತ್ತು. ಎಷ್ಟು ನೆನೆಸಿದರೂ ಬಿಡಿಸುವಾಗ ಹೊಸ ಚರ್ಮದ ಎಳೆಯೂ ಕಿತ್ತು ಬರುತ್ತಿತ್ತು. ಅವರು ಮುಖ ಗೋಡೆ ಕಡೆ ತಿರುಗಿಸಿ, ಹಲ್ಲು ಕಚ್ಚಿಕೊಂಡು ಕೂರುತ್ತಿದ್ದರು. ಗಾಯವನ್ನು ಅವರು ಒಮ್ಮೆಯೂ ನೋಡಲಿಲ್ಲ. ಎಂಜಿನ್ ಬಿಚ್ಚಿ ಹರವಿಕೊಂಡು ಕೂರುವ ಮನುಷ್ಯನಿಗೆ ತನ್ನ ಕೈ ನೋಡುವ ಧೈರ್ಯವಿರಲಿಲ್ಲ.

ಬಾಗಿಲ ಹತ್ತಿರ ನಿಂತು ಹಾಲಮ್ಮ ನೋಡುತ್ತಿದ್ದರು. ಒಂದು ದಿನ ನಾನು ಕೈ ತೊಳೆಯಲು ಹೋದಾಗ ಅಡುಗೆಮನೆಗೆ ಕರೆದರು. ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದರು. ಜೇನುತುಪ್ಪ.

“ನಮ್ಮ ತವರು ಉಬ್ರಾಣಿ ಸಿಸ್ಟರ್. ನಮ್ಮಪ್ಪ ಗುಡ್ಡಕ್ಕೆ ಹೋಗಿ ತುಡುವೆ ಜೇನು ತರ್ತಿದ್ದ. ಎತ್ತಿನ ಹೆಗಲು ನೊಗಕ್ಕೆ ತಿಂದು ಹುಣ್ಣಾದ್ರೆ ಇದನ್ನೇ ಹಚ್ಚೋನು. ಮನುಷ್ಯರಿಗೂ ಹಚ್ಚೋನು. ನಾನೇ ಬಟ್ಟಿ ಕಟ್ಟೀನಿ ಎಷ್ಟೋ ಸಲ.”

“ಅವರಿಗೆ ಹೇಳಿ ನೋಡಿದ್ರಾ ಅಕ್ಕಾ?”

“ಹೇಳ್ದೆ. ನಿಂಗೇನ್ ಗೊತ್ತು ಅಂದ್ರು.” ಅದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ದಿನಾ ಕೇಳುವ ಮಾತನ್ನು ಹೇಳುವಂತೆ ಹೇಳಿದರು. “ನಾನಂದ್ರೆ ಹಚ್ಚಾಕೆ ಬಿಡಂಗಿಲ್ಲ. ನೀವು ಹಚ್ಚಿದ್ರೆ ಬಿಡ್ತಾರೆ.”

ನಾನು ಮರುದಿನ ಡಾಕ್ಟರನ್ನು ಕೇಳಿದೆ. ಅವರು ನಗಲಿಲ್ಲ. ರುದ್ರೇಶಪ್ಪನವರಿಗೆ ಸಕ್ಕರೆ ಕಾಯಿಲೆ ಇಲ್ಲವೆಂದು ರಿಪೋರ್ಟ್ ನೋಡಿ, “ಕಲಬೆರಕೆ ಇಲ್ಲದ ಜೇನಾದ್ರೆ ಹಚ್ಚಿ ನೋಡು. ಜ್ವರ ಬಂದ್ರೆ, ಕೆಂಪು ಹರಡಿದ್ರೆ ಆವತ್ತೇ ಕರಕೊಂಡು ಬಾ” ಅಂದರು.

ಮೊದಲ ಸಂಜೆ ನಾನು ಜೇನನ್ನು ನೇರವಾಗಿ ಗಾಯದ ಮೇಲೆ ಸುರಿದೆ. ಅದು ಹರಿದು ಹಾಸಿಗೆಗೆಲ್ಲ ಅಂಟಿತು. ಮರುದಿನ ಹಾಲಮ್ಮ ಅಡುಗೆಮನೆಯಲ್ಲೇ ತೋರಿಸಿಕೊಟ್ಟರು. ತೊಳೆದು ಕುದಿಸಿ ಒಣಗಿಸಿದ ಹತ್ತಿ ಬಟ್ಟೆಯ ಮೇಲೆ ಮೊದಲು ಜೇನನ್ನು ದಪ್ಪಗೆ ಸವರಬೇಕು, ಬಟ್ಟೆ ಅದನ್ನು ಕುಡಿಯುವ ತನಕ ಕಾಯಬೇಕು, ಆಮೇಲೆ ಗಾಯಕ್ಕಿಂತ ಎರಡು ಬೆರಳು ಅಗಲವಾಗಿ ಹೊದಿಸಬೇಕು. ಆ ದಿನದಿಂದ ಅವರು ಒಳಗೆ ಬಟ್ಟೆ ಸಿದ್ಧಮಾಡಿ ತಟ್ಟೆಯಲ್ಲಿಟ್ಟು ಮುಚ್ಚಿ ಕೊಡುತ್ತಿದ್ದರು. ನಾನು ತಂದು ಕಟ್ಟುತ್ತಿದ್ದೆ.

“ಏನೋ ಸಿಹಿ ವಾಸನೆ ಬರ್ತೈತಲ್ಲ ಸಿಸ್ಟರ್,” ಅಂದರು ರುದ್ರೇಶಪ್ಪ.

“ಹೊಸ ಮುಲಾಮು ಬಂದೈತ್ರಿ.”

“ಕಂಪನಿದಾ?”

“ಹ್ಞೂಂ, ಕಂಪನಿದೇ.”

ಈ ಸುಳ್ಳಿಗೆ ನಾನು ಅಷ್ಟು ಮರುಗುವುದಿಲ್ಲ. ಹಾಲಮ್ಮ ಬಾಗಿಲ ಹಿಂದೆ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಇರುವೆ ಸಾಲುಗಟ್ಟಿ ಬಂದಾಗ ಮಂಚದ ನಾಲ್ಕು ಕಾಲಿಗೂ ನೀರಿನ ಬಟ್ಟಲಿಟ್ಟರು. ಇದೇನೆಂದು ಗಂಡ ಕೇಳಿದರೆ “ಈ ಸಲ ಇರುವೆ ಕಾಟ ಜಾಸ್ತಿ” ಅಂದರು. ನಾವಿಬ್ಬರೂ ಮತ್ತೆ ಅಡುಗೆಮನೆಗೆ ಹೋಗಿ ನಕ್ಕೆವು. ನನ್ನ ಸ್ವಂತ ಅಕ್ಕನ ಜೊತೆಗೂ ನಾನು ಹಾಗೆ ನಕ್ಕಿರಲಿಲ್ಲ. ಆ ಸಂಜೆಗಳು... ಈಗಲೂ ನೆನೆದರೆ ಹಿತವಾಗುತ್ತದೆ, ಅದೇ ನನ್ನನ್ನು ಹೆಚ್ಚು ಚುಚ್ಚುತ್ತದೆ.

ನಾಲ್ಕನೇ ದಿನ ಬಟ್ಟೆ ಅಂಟದೆ ಬಿಟ್ಟುಬಂತು. ರುದ್ರೇಶಪ್ಪ ಹಲ್ಲು ಕಚ್ಚಿಕೊಂಡೇ ಕಾಯುತ್ತಿದ್ದರು. “ಬಿಚ್ಚೋದಿಲ್ವಾ?” ಅಂತ ಕೇಳಿದಾಗ ಬಿಚ್ಚಿ ಆಗಿತ್ತು. ಹತ್ತು ದಿನಕ್ಕೆ ಅಂಚಿನಿಂದ ನಸುಗೆಂಪು ಚರ್ಮ ಒಳಕ್ಕೆ ಸರಿಯಿತು. ತಿಂಗಳು ತುಂಬುವುದರೊಳಗೆ ಗಾಯ ಮುಚ್ಚಿತು.

ಕೊನೆಯ ಪಟ್ಟಿ ಬಿಚ್ಚಿದ ಸಂಜೆ ಹಾಲಮ್ಮ ನನ್ನ ಕೈ ಹಿಡಿದುಕೊಂಡರು. “ಈಗ ನೀವೇ ಹೇಳ್ರಿ ಸಿಸ್ಟರ್. ನಾನಂದ್ರೆ ಅವ್ರು ನಂಬಂಗಿಲ್ಲ. ನೀವು ಹೇಳಿದ್ರೆ ನಂಬ್ತಾರೆ. ನಂಗೂ ಒಂದೀಟು ಗೊತ್ತೈತೆ ಅಂತ...” ಅಷ್ಟಕ್ಕೇ ನಿಲ್ಲಿಸಿದರು. ನಾಚಿಕೆ ಪಟ್ಟುಕೊಂಡಂತೆ ಕಂಡಿತು.

ನಾಳೆ ಹೇಳುತ್ತೇನೆ ಅಂದೆ.

ಮರುದಿನ ರುದ್ರೇಶಪ್ಪ ನರ್ಸಿಂಗ್ ಹೋಮಿಗೆ ಬಂದರು. ಹೊರಗೆ ಕುಂತ ರೋಗಿಗಳು, ಡಾಕ್ಟರು, ನನ್ನನ್ನು ‘ಏ’ ಎಂದು ಕರೆಯುತ್ತಿದ್ದ ರಿಸೆಪ್ಷನ್ ಹುಡುಗಿ, ಎಲ್ಲರೆದುರು ತೋಳು ಮೇಲೇರಿಸಿ ತೋರಿಸಿದರು. “ಇದು ರೇಣುಕಾ ಸಿಸ್ಟರ್ ಕೈಗುಣ,” ಅಂದರು. ಕೈಗುಣ! ಡಾಕ್ಟರು ನನ್ನ ಕಡೆ ನೋಡಿ ಸುಮ್ಮನೆ ಮುಗುಳ್ನಕ್ಕರು, ತಮ್ಮ ಕೆಲಸಕ್ಕೆ ತಿರುಗಿದರು. ನಾನು ತಲೆ ತಗ್ಗಿಸಿದೆ. ಅದು ವಿನಯವೆಂದುಕೊಂಡರು ಎಲ್ಲರೂ. ಇವತ್ತು ಬೇಡ, ಇನ್ನೆರಡು ದಿನ ಬಿಟ್ಟು ಮನೆಯಲ್ಲಿ ಹೇಳಿದರಾಯಿತು ಎಂದುಕೊಂಡೆ. ಎರಡು ದಿನ ಹೋಗಿ ಎರಡು ವಾರವಾಯಿತು. ಗ್ಯಾರೇಜಿಗೆ ಬಂದ ಪ್ರತಿ ರೈತನೂ ಆ ತೋಳನ್ನು ನೋಡಿ ಹೋಗುತ್ತಿದ್ದ. ನ್ಯಾಮತಿಯಿಂದ, ಸೂರಗೊಂಡನಕೊಪ್ಪದ ಜಾತ್ರೆಗೆ ಬರಿಗಾಲಲ್ಲಿ ನಡೆದುಬಂದು ಪಾದ ಬೊಬ್ಬೆಯೆದ್ದವರಿಂದ, ಎಲ್ಲೆಲ್ಲಿಂದಲೋ ನನಗೆ ಕರೆ ಬರತೊಡಗಿತು. ಮೊದಲ ಸಲ ಜನ ನನ್ನನ್ನು ಹೆಸರು ಹಿಡಿದು ಕೇಳಿಕೊಂಡು ಬಂದರು.

ಆಮೇಲೊಂದು ಭಾನುವಾರ ಹಾಲಮ್ಮ ಊಟಕ್ಕೆ ಕರೆದಿದ್ದರು. ಅವರ ಅಣ್ಣ ಉಬ್ರಾಣಿಯಿಂದ ಬಂದಿದ್ದ. ತಂಗಿಗೆಂದು ಬಾಟಲಿಯಲ್ಲಿ ಜೇನು ತಂದು ಕಿಟಕಿಯಲ್ಲಿಟ್ಟಿದ್ದ. ಊಟಕ್ಕೆ ಮುಂಚೆ ಎಲ್ಲರೂ ಚಹಾ ಕುಡಿಯುತ್ತ ಕುಳಿತಿದ್ದೆವು. ರುದ್ರೇಶಪ್ಪ ಬಾಟಲಿ ನೋಡಿ ನಕ್ಕರು.

“ನಿನ್ ತಂಗಿ ಕೈಯಾಗೆ ಬಿಟ್ಟಿದ್ರೆ ಇದನ್ನೇ ಸವರಿ ನನ್ನ ಕೈ ಕೊಳೆಸ್ತಿದ್ಲು ನೋಡಪ್ಪ. ನಿಮ್ಮಪ್ಪ ಎತ್ತಿಗೆ ಹಚ್ತಿದ್ನಂತಲ್ಲ, ನನ್ನೂ ಎತ್ತು ಅನ್ಕೊಂಡಾಳೆ. ಸಿಸ್ಟರ್ ಇದ್ದಿದ್ಕೆ ಉಳೀತು. ಅಲ್ಲೇನ್ರಿ ಸಿಸ್ಟರ್?”

ಹಾಲಮ್ಮ ನನ್ನ ಕಡೆ ನೋಡಿದರು. ಒಮ್ಮೆ ಮಾತ್ರ. ಆ ನೋಟದಲ್ಲಿ ಬೇಡಿಕೆಯೂ ಇರಲಿಲ್ಲ. ನಾನು ಹೇಳಿಯೇ ಹೇಳುತ್ತೇನೆಂಬ ನಂಬಿಕೆ ಇತ್ತು, ಅಷ್ಟೇ. ನಾನು... ಲೋಟ ಬಾಯಿಗೆತ್ತಿದೆ. ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದೆ. ಕೆಳಗಿಟ್ಟಾಗ “ಗಾಯ ದೊಡ್ಡದಿತ್ತಲ್ರೀ” ಅಂದೆ. ಅಷ್ಟು ಹೇಳಿದೆ ನಾನು.

ಹಾಲಮ್ಮ ಎದ್ದು ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದರು.

ಆಮೇಲೆ ಅವರು ಆ ಮಾತೆತ್ತಲಿಲ್ಲ. ಸಿಟ್ಟು ಮಾಡಿದ್ದರೆ, ಮಾತು ಬಿಟ್ಟಿದ್ದರೆ ನಾನು ಬಹುಶಃ ಅಂದೇ... ಇಲ್ಲ, ಅದನ್ನೂ ಖಚಿತವಾಗಿ ಹೇಳಲಾರೆ. ಅವರು ಮೊದಲಿನಂತೆಯೇ ಇದ್ದರು. ಹಬ್ಬಕ್ಕೆ ಹೋಳಿಗೆ ಕಳಿಸಿದರು. ನನಗೆ ಟೈಫಾಯ್ಡ್ ಆದಾಗ ಹದಿನೈದು ದಿನ ಗಂಜಿ ಹೊತ್ತು ತಂದರು. ಆದರೆ ಪಕ್ಕದ ಮನೆಯ ಹುಡುಗಿ ಮಂಡಿ ತರಚಿಕೊಂಡು ಬಂದಾಗ, ನಾನು ಅಲ್ಲೇ ಇದ್ದೆ, “ನಂಗೇನ್ ಗೊತ್ತಮ್ಮ, ಸಿಸ್ಟರಿಗೆ ತೋರ್ಸು” ಅಂದರು. ಗಂಡ ಅವರಿಗೆ ದಿನಾ ಅನ್ನುತ್ತಿದ್ದ ಮಾತನ್ನು ಈಗ ಅವರೇ ತಮಗೆ ಅಂದುಕೊಳ್ಳುತ್ತಿದ್ದರು. ಅದನ್ನು ಅವರಿಗೆ ಕಲಿಸಿದವಳು ನಾನು.

ನಾನೋ, ಅವರು ಹೇಳಿಕೊಟ್ಟ ಹಾಗೆಯೇ ಬಟ್ಟೆ ಸವರಿ ಎಷ್ಟೋ ಗಾಯ ಕಟ್ಟಿದೆ. ಎಲ್ಲ ಗಾಯಕ್ಕೂ ಅದು ಹೊಂದುವುದಿಲ್ಲ. ಸಕ್ಕರೆ ಕಾಯಿಲೆಯವರ ಕಾಲು, ಆಳವಾದ ಗಾಯ, ಕೀವು ತುಂಬಿದ ಗಾಯಗಳನ್ನು ಮುಟ್ಟದೆ ಆಸ್ಪತ್ರೆಗೆ ಕಳಿಸಿದೆ. ಡಾಕ್ಟರು ಒಪ್ಪಿದ ಕಡೆ ಮಾತ್ರ ಹಚ್ಚಿದೆ. ಕೆಲಸದಲ್ಲಿ ಇಷ್ಟು ಎಚ್ಚರವಿದ್ದವಳು ಆ ಒಂದು ಮಾತಿನಲ್ಲಿ ಮಾತ್ರ ಕಳ್ಳಿಯಾದೆ.

ಹೋದ ತಿಂಗಳು ಚನ್ನಗಿರಿಯಲ್ಲಿ ಒಬ್ಬ ಟೀಚರಮ್ಮನ ತಾಯಿಯ ಮೇಲೆ ಸಾರು ಚೆಲ್ಲಿ ತೊಡೆ ಬೆಂದಿತ್ತು. ಎರಡು ವಾರ ಹೋಗಿ ಕಟ್ಟಿದೆ. ಗಾಯ ಮುಚ್ಚಿದ ದಿನ ಆ ಟೀಚರು ಕೇಳಿದರು: “ಯಾರಿಂದ ಕಲಿತ್ರಿ ಇದನ್ನ?”

“ನಮ್ಮಜ್ಜಿಯಿಂದ,” ಅಂದೆ.

ಹೇಳುವಾಗ ತಡವರಿಸಲೂ ಇಲ್ಲ. ನಮ್ಮಜ್ಜಿ ಜಗಳೂರಿನ ಬಯಲಲ್ಲಿ ಕುರಿ ಕಾಯ್ದವಳು. ಅವಳ ಕೈಯಲ್ಲಿ ಜೇನು ಕಂಡ ನೆನಪೇ ನನಗಿಲ್ಲ. ಅಷ್ಟು ದಿನ ನಾನು ಸುಮ್ಮನಿದ್ದೆ ಅಷ್ಟೇ ಎಂದು ಸಮಾಧಾನ ಮಾಡಿಕೊಂಡಿದ್ದೆ. ಈಗ ಹಾಲಮ್ಮನ ಜಾಗಕ್ಕೆ ಬೇರೆ ಹೆಂಗಸನ್ನು ತಂದು ಕೂರಿಸಿದ್ದೆ. ಬಸ್ಸಿನಲ್ಲಿ ವಾಪಸು ಬರುವಾಗ ಪಕ್ಕದಲ್ಲಿ ಕುಳಿತಾಕೆ ಸೂಳೆಕೆರೆ ಈ ವರ್ಷ ತುಂಬಿದೆ, ನೋಡಿ ಎಂದು ಕಿಟಕಿ ಕಡೆ ತೋರಿಸಿದರು. ನಾನು ಹ್ಞೂಂ ಅಂದೆ, ನೋಡಲಿಲ್ಲ. ಹೊನ್ನಾಳಿಯಲ್ಲಿ ಇಳಿದು ನೇರ ಅವರ ಮನೆಗೆ ಹೋದೆ.

ರುದ್ರೇಶಪ್ಪ ಪೇಪರ್ ಓದುತ್ತಿದ್ದರು. ಹಾಲಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ನಾನು ಕೂರದೆ ಹೇಳಿದೆ. ಹಚ್ಚಿದ್ದು ಮುಲಾಮಲ್ಲ, ಜೇನು. ತಂದದ್ದು, ಸವರಿಕೊಟ್ಟದ್ದು, ನನಗೆ ಕಲಿಸಿದ್ದು ಹಾಲಮ್ಮ. ಗಾಯ ವಾಸಿಯಾದ ಮೇಲೆ ನಿಮಗೆ ಹೇಳೆಂದು ಕೇಳಿಕೊಂಡಿದ್ದರು, ನಾನೇ ಹೇಳಲಿಲ್ಲ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆಮೇಲೆ ನಕ್ಕರು. ಪ್ರೀತಿಯಿಂದಲೇ ನಕ್ಕರು.

“ದೊಡ್ಡ ಮನಸ್ಸು ಸಿಸ್ಟರ್ ನಿಮ್ದು. ಇವಳಿಗೂ ಖುಷಿಯಾಗ್ಲಿ ಅಂತ ಹೇಳ್ತೀರಿ.”

“ಅಲ್ರೀ, ನಿಜಾನೇ ಹೇಳ್ತಿದ್ದೀನಿ. ಇರುವೆ ಬಂದಿದ್ವು, ಮಂಚದ ಕಾಲಿಗೆ ನೀರಿಟ್ಟಿದ್ರು...”

“ಇರುವೆ ಯಾರ ಮನೆಗೆ ಬರಂಗಿಲ್ಲ ಬಿಡ್ರಿ. ಹನ್ನೊಂದು ವರ್ಷ ಆತು, ನಿಮ್ಮ ಕೈಗುಣ ನಂಗೆ ಗೊತ್ತಿಲ್ವಾ? ಏ, ಸಿಸ್ಟರಿಗೆ ಚಹಾ ಇಡು.”

ನಾನು ಮತ್ತೆ ಹೇಳಿದೆ. ಆಗಿನ ಡಾಕ್ಟರನ್ನು ಕೇಳಿರೆಂದೆ, ಆದರೆ ಅವರು ಊರು ಬಿಟ್ಟುಹೋಗಿ ಎಷ್ಟೋ ವರ್ಷವಾಗಿತ್ತು. ಹೇಳಿದಷ್ಟೂ ನಾನು ಒಳ್ಳೆಯವಳಾಗುತ್ತಾ ಹೋದೆ. ಹಾಲಮ್ಮ ಅವರೆಕಾಯಿ ಬಿಡಿಸುತ್ತಲೇ ಇದ್ದರು.

ಹೊರಡುವಾಗ ಗೇಟಿನ ತನಕ ಬಂದರು. ನಾನು ಅವರ ಕಾಲಿಗೆ ಬಾಗಲು ಹೋದೆ. ತಡೆದರು.

“ಬಿಡ್ರಿ ಸಿಸ್ಟರ್. ಅವತ್ತು ಊಟಕ್ಕೆ ಬಂದ ನಮ್ಮಣ್ಣ ಉಣ್ದೆ ಎದ್ದು ಹೋದ್ನಲ್ಲ, ಸತ್ತ ಅಪ್ಪನ್ನ ಆಡ್ಕೊಂಡ್ರು ಅಂತ. ಆಮ್ಯಾಲೆ ಒಂದ್ಸಲಾನೂ ಜೇನು ತರ್ಲಿಲ್ಲ.” ನನ್ನ ಹೆಗಲ ಮೇಲೆ ಬಿದ್ದಿದ್ದ ಅವರೆ ಸಿಪ್ಪೆಯನ್ನೋ ಏನನ್ನೋ ತೆಗೆದುಹಾಕಿದರು. “ಅವತ್ತು ಹೇಳಿದ್ರೆ ನಂಬ್ತಿದ್ರು ಇವ್ರು.”

ಅಷ್ಟೇ. ಮಗಳಿಗೆ ಹೇಳುವಷ್ಟು ಮೆಲ್ಲಗೆ ಹೇಳಿದರು.

ಮನೆಗೆ ಬಂದು ಚನ್ನಗಿರಿಯ ಟೀಚರಿಗೆ ಫೋನ್ ಮಾಡಿದೆ. ನಮ್ಮಜ್ಜಿಯಿಂದ ಕಲಿತೆ ಅಂದದ್ದು ಸುಳ್ಳು, ಕಲಿಸಿದವರು ಉಬ್ರಾಣಿಯ ಹಾಲಮ್ಮ ಅಂತ, ಈಗ ಹೊನ್ನಾಳಿಯಲ್ಲಿದ್ದಾರೆ ಎಂದೆ. ಆ ಕಡೆಯಿಂದ “ಹೌದಾ? ಉಬ್ರಾಣಿಯವರಾ?” ಎಂದರು. ಹೆಸರನ್ನು ಇನ್ನೊಮ್ಮೆ ಕೇಳಿ ಬರೆದುಕೊಂಡರು, ಅಮ್ಮನನ್ನು ಕರೆದುಕೊಂಡು ಹೋಗಿ ಅವರಿಗೆ ನಮಸ್ಕಾರ ಮಾಡಿಸಿಕೊಂಡು ಬರುತ್ತೇನೆ ಅಂದರು. ಅವರು ಏನನ್ನೂ ಅನುಮಾನಿಸಲಿಲ್ಲ. ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಫೋನ್ ಇಟ್ಟು ನೋಡಿದರೆ, ಇಷ್ಟನ್ನೂ ಹೇಳಲು ಒಂದು ನಿಮಿಷವೂ ಹಿಡಿದಿರಲಿಲ್ಲ.